ಒಣಗೂದಲಿನ ಶಾಂಪೂ: ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದ ಆಯ್ಕೆ

ಬಿರುಸಾದ ಕೂದಲಿಗೂ ಬಿಗಿದು ತುರಿಸುವ ನೆತ್ತಿಗೂ ಬಳಸುವ, ಕೊಳೆ ತೆಗೆಯುವಾಗ ಸಹಜ ಜಿಡ್ಡನ್ನೆಲ್ಲ ಕಿತ್ತುಹಾಕದ ಶಾಂಪೂವಿಗೆ ಅಂಗಡಿಗಳಲ್ಲಿ ಮಾಯಿಶ್ಚರೈಸಿಂಗ್ ಶಾಂಪೂ ಎಂಬ ಹೆಸರಿದೆ. ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳಲ್ಲಿ ಇದನ್ನು ಆರಿಸುವವರು ಮೊದಲು ನೋಡಬೇಕಾದದ್ದು ಬಚ್ಚಲಿಗೆ ಬರುವ ನೀರನ್ನು. ಬಾಟಲಿಯ ಮೇಲಿನ ಮಾತು ಆಮೇಲಿನದು.

ಹೆಸರು ಏನೇ ಇರಲಿ, ಒಂದೆರಡು ನಿಮಿಷ ತಲೆಯ ಮೇಲಿದ್ದು ತೊಳೆದುಹೋಗುವ ಶಾಂಪೂ ಕೂದಲಿಗೆ ತೇವ ತುಂಬುವುದು ಅಷ್ಟಕ್ಕಷ್ಟೆ. ಕೂದಲಿನ ಎಳೆ ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ಅದರ ಹೊರಮೈಯಲ್ಲಿ ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಕೂತ ತೆಳುವಾದ ಪದರಗಳಿವೆ. ನೆತ್ತಿಯಿಂದ ಒಸರುವ ಜಿಡ್ಡು ಈ ಪದರಗಳ ಮೇಲೆ ಹರಡಿ ಎಳೆಯನ್ನು ನಯವಾಗಿಡುತ್ತದೆ. ಬಿಸಿಲು, ಬಿಸಿಗಾಳಿ, ತಿಕ್ಕಾಟ, ಬಣ್ಣ, ಕ್ಷಾರದ ಸೋಪುಗಳಿಂದ ಪದರ ಎದ್ದುನಿಂತರೆ ಒಂದು ಎಳೆ ಇನ್ನೊಂದಕ್ಕೆ ಸಿಕ್ಕಿ ಕೂದಲು ಸಿಕ್ಕಾಗುತ್ತದೆ, ತುದಿ ಸೀಳುತ್ತದೆ. ಒಳ್ಳೆಯ ಶಾಂಪೂವಿನ ಕೆಲಸ ಇಷ್ಟೆ: ಬೇಕಾದ ಜಿಡ್ಡನ್ನು ಉಳಿಸುವುದು, ಎದ್ದ ಪದರದ ಮೇಲೆ ತೆಳುವಾದ ಲೇಪ ಬಿಡುವುದು.

ನೀರು

ಈ ಭಾಗದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್ ಆಸುಪಾಸು. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಹಟ್ಟಿಯ ಚಿನ್ನದ ಗಣಿಯಿರುವ ಹಟ್ಟಿ–ಮಸ್ಕಿ ಶಿಲಾಪಟ್ಟಿ ಇಲ್ಲೇ ಹಾದುಹೋಗುತ್ತದೆ. ಮಳೆ ಕಡಿಮೆಯಿರುವ ಇಂಥ ಕಲ್ಲುನೆಲದಲ್ಲಿ ಬಂಡೆಯ ಬಿರುಕುಗಳೊಳಗೆ ಬಹುಕಾಲ ನಿಂತ ನೀರಿಗೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೇರುತ್ತವೆ. ಬೋರ್‌ವೆಲ್‌ನಿಂದ ಮೇಲೆ ಬರುವ ಗಡಸು ನೀರು ಇದೇ. ಸಿಂಧನೂರಿನ ಕಾಲುವೆ ಪ್ರದೇಶದಲ್ಲಿ ಇನ್ನೊಂದು ತೊಂದರೆಯೂ ಇದೆ: ಭತ್ತದ ಗದ್ದೆಗಳಲ್ಲಿ ನೀರು ನಿಂತು ಎಷ್ಟೋ ಭೂಮಿ ಸವಳು-ಜವಳಾಗಿದೆ. ಅಲ್ಲಿನ ಬಾವಿ, ಬೋರ್‌ಗಳ ನೀರಿನಲ್ಲಿ ಸೋಡಿಯಂ ಉಪ್ಪೂ ಇರುತ್ತದೆ.

ಗಡಸುತನ ಬೇರೆ, ಉಪ್ಪು ಬೇರೆ. ಶಾಂಪೂ ಒಂದಿಷ್ಟು ಸರಿಪಡಿಸಬಲ್ಲದ್ದು ಗಡಸುತನವನ್ನು ಮಾತ್ರ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರು ಸಿಗದಿದ್ದರೆ 600ರವರೆಗೆ ಒಪ್ಪಬಹುದು. ಮನೆಯಲ್ಲೇ ಅಂದಾಜು ಮಾಡಲು ಅರ್ಧ ಬಾಟಲಿ ನೀರಿಗೆ ಚೂರು ಸೋಪು ಹಾಕಿ ಕುಲುಕಿದರೆ ಸಾಕು. ನೊರೆ ನಿಲ್ಲದೆ ನೀರು ಬೆಳ್ಳಗೆ ಕದಡಿ ಮೇಲೆ ಗಸಿ ಕಟ್ಟಿದರೆ ಅದು ಗಡಸು ನೀರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಸಾಮಾನ್ಯವಾಗಿ ಬೋರ್ ನೀರಿಗಿಂತ ಮೆದು. ಬೇಸಿಗೆಯಲ್ಲಿ ಕಾಲುವೆ ನಿಂತು ಮನೆಯವರು ಬೋರ್ ನೀರಿಗೆ ತಿರುಗಿದಾಗ ಅದೇ ಶಾಂಪೂ, ಅದೇ ಕೂದಲು ಇದ್ದಕ್ಕಿದ್ದಂತೆ ಬಿರುಸಾಯಿತೆಂದು ಅನಿಸುವುದಕ್ಕೆ ಇದೇ ಕಾರಣ.

ಗಡಸು ನೀರಿನಿಂದ ಕೂದಲು ತುಂಡಾಗುತ್ತದೆಯೇ ಎಂಬ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ. ಕೊಯಮತ್ತೂರಿನ ವೈದ್ಯರು 2013ರಲ್ಲಿ ಪ್ರಕಟಿಸಿದ ಸಣ್ಣ ಅಧ್ಯಯನದಲ್ಲಿ ಕೂದಲಿನ ಗಟ್ಟಿತನದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮುಂದೆ ಪಾಕಿಸ್ತಾನದಲ್ಲಿ ನಡೆದ ಅಧ್ಯಯನದಲ್ಲಿ ಗಟ್ಟಿತನ ಕುಗ್ಗಿದ್ದು ಕಂಡುಬಂತು. ಕೂದಲು ಮಂಕಾಗುವುದು, ಒರಟಾಗುವುದು ಮಾತ್ರ ಅನುಭವಕ್ಕೆ ಬರುವ ಸಂಗತಿ. ಮೈಸೋಪಿನಿಂದಲೇ ತಲೆ ತಿಕ್ಕಿಕೊಳ್ಳುವವರಿಗೆ ಇದು ಹೆಚ್ಚು. ಸೋಪು ಗಡಸು ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಕರಗದ ಗಸಿಯಾಗಿ ಎಳೆಗಳ ಮೇಲೆ ಕೂರುತ್ತದೆ. ಶಾಂಪೂವಿನ ಮಾರ್ಜಕಗಳು ಹಾಗೆ ಗಸಿ ಕಟ್ಟುವುದಿಲ್ಲ. ಹೀಗಾಗಿ ಒಣಗೂದಲಿನವರಿಗೆ ಮೊದಲ ಸಲಹೆ ದುಬಾರಿ ಬಾಟಲಿಯದಲ್ಲ, ತಲೆಗೆ ಸೋಪು ಬಿಡಿ ಎಂಬುದು.

ಚೀಟಿಯಲ್ಲಿ ನೋಡಬೇಕಾದದ್ದು

ಹಳ್ಳಿಯ ಕಿರಾಣಿ ಅಂಗಡಿಗೆ ಶಾಂಪೂ ತಲುಪಿದ್ದು ಪಾಕೀಟಿನ ರೂಪದಲ್ಲಿ. 1983ರಲ್ಲಿ ತಮಿಳುನಾಡಿನ ಕಡಲೂರಿನಲ್ಲಿ ಸಿ.ಕೆ. ರಂಗನಾಥನ್ ಆರಂಭಿಸಿದ ಚಿಕ್ ಶಾಂಪೂ ಈ ಪಾಕೀಟಿನ ಬಲದಿಂದಲೇ ದಕ್ಷಿಣದ ಹಳ್ಳಿಗಳಲ್ಲಿ ಹರಡಿತು. ಪಾಕೀಟು ಅಗ್ಗ, ನಿಜ. ಆದರೆ ಭಾರತದ ಸೌಂದರ್ಯವರ್ಧಕ ನಿಯಮಗಳಂತೆ 60 ಮಿಲಿಲೀಟರ್‌ಗಿಂತ ಚಿಕ್ಕ ಪೊಟ್ಟಣದ ಮೇಲೆ ಘಟಕಗಳ ಪಟ್ಟಿ ಕಡ್ಡಾಯವಲ್ಲ. ಪಟ್ಟಿ ಬೇಕಾದರೆ ಅದೇ ಶಾಂಪೂವಿನ ದೊಡ್ಡ ಬಾಟಲಿಯನ್ನು ತಿರುಗಿಸಿ ಓದಬೇಕು. ಶೇಕಡಾ 1ಕ್ಕಿಂತ ಹೆಚ್ಚಿರುವ ಘಟಕಗಳು ಅದರಲ್ಲಿ ಪ್ರಮಾಣದ ಇಳಿಕೆ ಕ್ರಮದಲ್ಲಿರುತ್ತವೆ. ಮುಂಭಾಗದಲ್ಲಿ ದೊಡ್ಡದಾಗಿ ಚಿತ್ರ ಬರೆಸಿಕೊಂಡ ಬಾದಾಮಿ, ಲೋಳೆಸರ ಪಟ್ಟಿಯಲ್ಲಿ ಸುಗಂಧಕ್ಕಿಂತ ಕೆಳಗಿದ್ದರೆ ಅವು ಹೆಸರಿಗಷ್ಟೆ ಇವೆ ಎಂದು ತಿಳಿಯಬಹುದು.

ನೀರಿನ ನಂತರ ಬರುವ ಮೊದಲ ಹೆಸರು ಮಾರ್ಜಕದ್ದು. ಸೋಡಿಯಂ ಲಾರಿಲ್ ಸಲ್ಫೇಟ್ ಬಿರುಸಾಗಿ ತೊಳೆಯುತ್ತದೆ. ಸೋಡಿಯಂ ಲಾರೆತ್ ಸಲ್ಫೇಟ್ ಅದಕ್ಕಿಂತ ಮೃದು. ಕೋಕಮಿಡೊಪ್ರೊಪೈಲ್ ಬೀಟೈನ್ ಜೊತೆಗಿದ್ದರೆ ಇನ್ನೂ ಹದವಾಗುತ್ತದೆ. ಡೆಸೈಲ್ ಗ್ಲುಕೊಸೈಡ್, ಸೋಡಿಯಂ ಕೊಕೊಯಿಲ್ ಐಸೆಥಿಯೊನೇಟ್ ಇರುವವು ಸಲ್ಫೇಟ್ ಇಲ್ಲದ ದುಬಾರಿ ಶಾಂಪೂಗಳು. ಭತ್ತದ ಒಕ್ಕಲು, ಹತ್ತಿ ಬಿಡಿಸುವ ಕೆಲಸ, ಗಣಿಯ ಪಾಳಿ ಮುಗಿಸಿ ತಲೆತುಂಬ ದೂಳು ಹೊತ್ತು ಬರುವವರಿಗೆ, ಅದರಲ್ಲೂ ತಲೆಗೆ ಎಣ್ಣೆ ಹಚ್ಚಿದವರಿಗೆ, ಇವು ಒಂದೇ ಸಲಕ್ಕೆ ಸಾಲದೆ ಹೋಗಬಹುದು. ಲಾರೆತ್ ಸಲ್ಫೇಟ್ ಮತ್ತು ಬೀಟೈನ್ ಎರಡೂ ಇರುವ ಮಧ್ಯಮ ಬೆಲೆಯ ಶಾಂಪೂ ಈ ಭಾಗದ ಬಹುಪಾಲು ಮನೆಗಳಿಗೆ ಸರಿಹೊಂದುತ್ತದೆ.

ಗಡಸು ನೀರಿನವರು ಪಟ್ಟಿಯ ಕೊನೆಯಲ್ಲಿ ಇಡಿಟಿಎ ಎಂಬ ಅಕ್ಷರಗಳನ್ನು ಹುಡುಕಬೇಕು. ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದಿಡುವ ಈ ವಸ್ತು ಶಾಂಪೂಗಳಲ್ಲಿ ಅಲ್ಪ ಪ್ರಮಾಣದಲ್ಲೇ ಇರುತ್ತದೆ, ಆದರೂ ಉಪಯೋಗಕ್ಕೆ ಬರುತ್ತದೆ. ನಯ ಕೊಡುವ ಘಟಕಗಳಲ್ಲಿ ಡೈಮೆಥಿಕೋನ್, ಪಾಲಿಕ್ವಾಟರ್ನಿಯಂ-10, ಗುವಾರ್ ಹೈಡ್ರಾಕ್ಸಿಪ್ರೊಪೈಲ್‌ಟ್ರೈಮೋನಿಯಂ ಕ್ಲೋರೈಡ್ ಮುಖ್ಯ. ನಾಲಿಗೆ ತೊಡರುವ ಈ ಕೊನೆಯ ಹೆಸರಿನ ಮೂಲ ನಮ್ಮ ಚವಳಿಕಾಯಿ. ಅದರ ಬೀಜದ ಅಂಟಿನಿಂದ ತಯಾರಾದದ್ದು. ಗ್ಲಿಸರಿನ್ ಗಾಳಿಯ ತೇವವನ್ನು ಎಳೆದುಕೊಳ್ಳುವ ವಸ್ತುವಾದರೂ ಬೇಸಿಗೆಯ ಇಲ್ಲಿನ ಒಣಹವೆಯಲ್ಲಿ ಎಳೆದುಕೊಳ್ಳಲು ತೇವವೇ ಕಡಿಮೆ.

ನೆತ್ತಿಯ ಪಿಎಚ್ ಸುಮಾರು 5.5. ಬ್ರೆಜಿಲ್‌ನಲ್ಲಿ 123 ಶಾಂಪೂಗಳನ್ನು ಅಳೆದು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 5.5 ಅಥವಾ ಅದಕ್ಕಿಂತ ಕಡಿಮೆ ಪಿಎಚ್ ಇದ್ದವು ಶೇಕಡಾ 38ರಷ್ಟು ಮಾತ್ರ. ಬಾಟಲಿಯ ಮೇಲೆ ಪಿಎಚ್ ಬರೆದಿದ್ದರೆ 5.5ರ ಹತ್ತಿರದ್ದನ್ನು ಆರಿಸುವುದು ಲೇಸು.

ಸೀಗೆ, ಎಣ್ಣೆ, ಎರೆಯುವ ರೀತಿ

ಸೀಗೆಕಾಯಿ, ಅಂಟವಾಳಗಳಲ್ಲಿ ಸಪೋನಿನ್ ಎಂಬ ಸಹಜ ನೊರೆವಸ್ತು ಇದೆ. ಅವುಗಳ ನೀರು ತುಸು ಹುಳಿಯಾದ್ದರಿಂದ ಎಳೆಯ ಪದರ ಎದ್ದೇಳುವುದಿಲ್ಲ. ಆದರೆ ಒಣಗೂದಲಿಗೆ ಬರೀ ಸೀಗೆಪುಡಿ ಒರಟು. ನೆನೆಸಿ ಅರೆದ ಮೆಂತ್ಯ ಅಥವಾ ದಾಸವಾಳದ ಸೊಪ್ಪಿನ ಲೋಳೆ ಬೆರೆಸುತ್ತಿದ್ದ ಹಿರಿಯ ಹೆಂಗಸರ ಲೆಕ್ಕ ಸರಿಯಾಗಿಯೇ ಇತ್ತು. ಪುಡಿಯನ್ನು ಚೆನ್ನಾಗಿ ಸೋಸಿ ಬಳಸಬೇಕು. ಕಣ್ಣಿಗೆ ಬಿದ್ದರೆ ಸೀಗೆ, ಅಂಟವಾಳ ಎರಡೂ ಉರಿಯುತ್ತವೆ.

ಎಣ್ಣೆಯ ವಿಷಯದಲ್ಲಿ ಈ ಭಾಗಕ್ಕೆ ತನ್ನದೇ ರೂಢಿಯಿದೆ: ಕುಸುಬಿ, ಔಡಲ, ಕೊಬ್ಬರಿ. ತೊಳೆಯುವ ಮೊದಲು ಹಚ್ಚಿದ ಕೊಬ್ಬರಿ ಎಣ್ಣೆ ಕೂದಲಿನ ಪ್ರೋಟೀನ್ ನಷ್ಟವನ್ನು ತಗ್ಗಿಸುತ್ತದೆ, ಸೂರ್ಯಕಾಂತಿ ಎಣ್ಣೆಗೆ ಆ ಗುಣವಿಲ್ಲ ಎಂದು ರೇಲೆ ಮತ್ತು ಮೊಹಿಲೆ 2003ರಲ್ಲಿ ತೋರಿಸಿದರು. ಅವರು ಕೊಬ್ಬರಿ ಎಣ್ಣೆ ಮಾರುವ ಮ್ಯಾರಿಕೊ ಸಂಸ್ಥೆಯ ಸಂಶೋಧಕರು ಎಂಬುದನ್ನೂ ಓದುಗರು ತಿಳಿದಿರಲಿ. ಔಡಲ ಎಣ್ಣೆ ದಪ್ಪ. ಅದನ್ನು ತೆಗೆಯಲು ಶಾಂಪೂ ಹೆಚ್ಚು ಬೇಕಾಗಿ, ಬಂದ ಲಾಭ ಹೊರಟುಹೋಗುತ್ತದೆ.

ಒಣಗೂದಲಿನವರು ವಾರಕ್ಕೆ ಒಂದೆರಡು ಸಲ ತಲೆ ಎರೆದುಕೊಂಡರೆ ಸಾಕು. ಹಂಡೆಯ ಸುಡುನೀರು ಬೇಡ, ಉಗುರುಬೆಚ್ಚಗಿರಲಿ. ಶಾಂಪೂವನ್ನು ತಂಬಿಗೆ ನೀರಿನಲ್ಲಿ ಕದಡಿ ನೆತ್ತಿಗಷ್ಟೆ ತಿಕ್ಕಬೇಕು, ತುದಿಗಳು ಇಳಿಯುವ ನೊರೆಯಲ್ಲೇ ಶುಚಿಯಾಗುತ್ತವೆ. ಕಂಡಿಷನರ್ ಇದಕ್ಕೆ ತದ್ವಿರುದ್ಧ: ತುದಿಗೆ ಬೇಕು, ನೆತ್ತಿಗೆ ಬೇಡ. ಕೊನೆಯ ಒಂದೆರಡು ತಂಬಿಗೆಗೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನೋ ಹಿಡಿದಿಟ್ಟ ಮಳೆನೀರನ್ನೋ ಬಳಸಿದರೆ ಆಗುವ ಗುಣ ಬಾಟಲಿ ಬದಲಿಸಿದ್ದಕ್ಕಿಂತ ಹೆಚ್ಚು.

ಹೊಟ್ಟು ಮತ್ತು ರೋಗ

ಒಣನೆತ್ತಿಯಿಂದ ಉದುರುವುದು ಸಣ್ಣ, ಬಿಳಿ, ಒಣ ಹುಡಿ. ಹೊಟ್ಟಿನ ಚೂರುಗಳು ದೊಡ್ಡವು, ಜಿಡ್ಡಿನವು, ತುಸು ಹಳದಿ. ಮಲಾಸೀಜಿಯಾ ಎಂಬ ಶಿಲೀಂಧ್ರ ಹೊಟ್ಟಿಗೆ ಕಾರಣ, ಜಿಡ್ಡೇ ಅದರ ಆಹಾರ. ಹೊಟ್ಟನ್ನು ಒಣನೆತ್ತಿಯೆಂದು ತಿಳಿದು ಎಣ್ಣೆ ಹಚ್ಚುತ್ತ ಹೋದರೆ ಅದು ಬೆಳೆಯುತ್ತದೆ. ಅದಕ್ಕೆ ಕೀಟೊಕೊನಜೋಲ್ ಇರುವ ಔಷಧೀಯ ಶಾಂಪೂ ಬೇಕು. ಅದನ್ನು ಮೂರು ನಾಲ್ಕು ನಿಮಿಷ ತಲೆಯ ಮೇಲೆ ಬಿಟ್ಟು ತೊಳೆಯಬೇಕು.

ದಪ್ಪ ಬೆಳ್ಳಿ ಬಣ್ಣದ ಪೊರೆ ಸೋರಿಯಾಸಿಸ್ ಇರಬಹುದು. ಮಕ್ಕಳ ತಲೆಯಲ್ಲಿ ಕೂದಲು ಉದುರಿದ ದುಂಡನೆ ಮಚ್ಚೆ ಕಂಡರೆ ಅದು ಬಹುಮಟ್ಟಿಗೆ ತಲೆಯ ಹುಳಕಡ್ಡಿ. ಯಾವ ಶಾಂಪೂವಿನಿಂದಲೂ ಅದು ವಾಸಿಯಾಗುವುದಿಲ್ಲ, ವೈದ್ಯರು ಕೊಡುವ ಮಾತ್ರೆಗಳನ್ನು ವಾರಗಟ್ಟಲೆ ನುಂಗಬೇಕಾಗುತ್ತದೆ. ಅಂಥ ಮಕ್ಕಳನ್ನು ತಾಲ್ಲೂಕು ಆಸ್ಪತ್ರೆಗೆ ಅಥವಾ ರಾಯಚೂರಿನ ರಿಮ್ಸ್‌ಗೆ ಕರೆದೊಯ್ಯಬೇಕು. ವಾಸಿಯಾಗುವವರೆಗೆ ಅವರ ಬಾಚಣಿಗೆ, ಟವಲನ್ನು ಮನೆಯಲ್ಲಿ ಬೇರೆ ಯಾರೂ ಬಳಸಬಾರದು.