ಡಾಕ್ಟರಿಗೂ ಇದ್ದ ಆಟಿಸಂ

1919ರಲ್ಲಿ ಜ್ಯೂರಿಕ್‌ನ ಮನೋವೈದ್ಯ ಆಯ್ಗೆನ್ ಬ್ಲಾಯ್ಲರ್ ತಮ್ಮದೇ ವೃತ್ತಿಯವರನ್ನು ತರಾಟೆಗೆ ತೆಗೆದುಕೊಂಡು ಒಂದು ಪುಸ್ತಕ ಬರೆದರು. ಡಾಕ್ಟರುಗಳು ಪುರಾವೆ ಕೇಳುವುದಿಲ್ಲ, ತಾವು ಕೊಟ್ಟ ಔಷಧದಿಂದಲೇ ರೋಗಿ ಎದ್ದು ಕೂತ ಎಂದು ನಂಬಿಕೊಳ್ಳುತ್ತಾರೆ, ಸುಮ್ಮನೆ ಬಿಟ್ಟಿದ್ದರೂ ವಾಸಿಯಾಗುತ್ತಿತ್ತೇನೋ ಎಂದು ನೋಡುವ ತಾಳ್ಮೆ ಅವರಿಗಿಲ್ಲ ಎಂಬುದು ಅವರ ದೂರು. ವೈದ್ಯರ ಈ ಯೋಚನಾಕ್ರಮಕ್ಕೆ ಪುಸ್ತಕದ ಹೆಸರಿನಲ್ಲೇ ಅವರು ಹಚ್ಚಿದ ವಿಶೇಷಣ ‘ಆಟಿಸ್ಟಿಕ್’. ಕನ್ನಡದಲ್ಲಿ ಹೇಳುವುದಾದರೆ, ಮನಸ್ಸಿನಲ್ಲೇ ಮಂಡಿಗೆ ತಿನ್ನುವವರು!

ಇಂದು ಆ ಪದ ಕೇಳಿದರೆ ಡಾಕ್ಟರು ನೆನಪಾಗುವುದಿಲ್ಲ, ಡಾಕ್ಟರ ಎದುರು ಕೂತ ಮಗು ನೆನಪಾಗುತ್ತದೆ. ಪದವನ್ನು ಟಂಕಿಸಿದವರೂ ಬ್ಲಾಯ್ಲರ್ ಅವರೇ, 1910-11ರ ಸುಮಾರಿಗೆ. ‘ಸ್ಕಿಜೋಫ್ರೇನಿಯಾ’ ಎಂಬ ಪದವೂ ಅವರದೇ ಟಂಕಸಾಲೆಯದು. ಗ್ರೀಕಿನ ‘ಆಟೋಸ್’ ಎಂದರೆ ತಾನು. ಹೊರಗಿನ ಲೋಕಕ್ಕೆ ಬೆನ್ನು ಹಾಕಿ, ಒಳಗೇ ಒಂದು ಲೋಕ ಕಟ್ಟಿಕೊಂಡು ಅದರಲ್ಲೇ ಬದುಕುವ ಸ್ಕಿಜೋಫ್ರೇನಿಯಾ ರೋಗಿಗಳ ಸ್ಥಿತಿಗೆ ಅವರು ಆಟಿಸಂ ಎಂದರು. ಅದು ಕಾಯಿಲೆಯ ಹೆಸರಲ್ಲ, ಒಂದು ಲಕ್ಷಣದ ಹೆಸರು. ಮಕ್ಕಳಿಗೇ ಮೀಸಲೂ ಅಲ್ಲ. ಹಗಲುಗನಸು ಕಾಣುವ ಆರೋಗ್ಯವಂತರಲ್ಲೂ ಅದರ ಛಾಯೆ ಇರುತ್ತದೆ ಎಂದೇ ಅವರ ಎಣಿಕೆ. ಆಗ ಆಟಿಸಂ ಅಂದರೆ ಕಲ್ಪನೆ ವಿಪರೀತವಾಗಿರುವುದು. ಇದನ್ನು ನೆನಪಿಟ್ಟುಕೊಂಡಿರಿ, ಮುಂದೆ ಬೇಕಾಗುತ್ತದೆ.

1943ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ನಲ್ಲಿದ್ದ ಮಕ್ಕಳ ಮನೋವೈದ್ಯ ಲಿಯೊ ಕ್ಯಾನರ್ ಹನ್ನೊಂದು ಮಕ್ಕಳ ಬಗ್ಗೆ ಒಂದು ಲೇಖನ ಪ್ರಕಟಿಸಿದರು. ಎಂಟು ಗಂಡು, ಮೂರು ಹೆಣ್ಣು. ಈ ಮಕ್ಕಳ ಸ್ವಭಾವಕ್ಕೆ ಹೆಸರು ಹುಡುಕುವಾಗ ಅವರು ಬ್ಲಾಯ್ಲರ್ ಪದವನ್ನೇ ಕಡ ತಂದರು. ತರುವಾಗಲೇ ಅದು ಸರಿಯಾಗಿ ಕೂರುವುದಿಲ್ಲ ಎಂಬುದೂ ಅವರಿಗೆ ಗೊತ್ತಿತ್ತು. ಬ್ಲಾಯ್ಲರ್ ರೋಗಿಗಳು ಲೋಕದ ನಂಟನ್ನು ಕಡಿದುಕೊಂಡವರು. ಈ ಮಕ್ಕಳಾದರೋ ಹುಟ್ಟಿನಿಂದಲೇ ಹೀಗಿದ್ದವರು ಎಂದು ಅವರೇ ಬರೆದರು. ಬೇರೆಯವರ ಅಳತೆಗೆ ಹೊಲಿದ ಅಂಗಿ, ಆದರೂ ತೊಡಿಸಿಯಾಗಿತ್ತು.

ಆ ಹನ್ನೊಂದರಲ್ಲಿ ಮೊದಲನೆಯವನು ಮಿಸಿಸಿಪ್ಪಿ ರಾಜ್ಯದ ಫಾರೆಸ್ಟ್ ಎಂಬ ಪುಟ್ಟ ಊರಿನ ಡೊನಾಲ್ಡ್. ಮಗನ ಬಗ್ಗೆ ಅವನಪ್ಪ ಮೂವತ್ಮೂರು ಪುಟ ಟೈಪು ಮಾಡಿಸಿ ಕಳಿಸಿದ್ದರು. ಕ್ಯಾನರ್ ದಾಖಲಿಸಿರುವ ಒಂದು ಸಂಗತಿ ನನಗೆ ಇಡೀ ಲೇಖನಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಹೌದು, ಇಲ್ಲ ಅನ್ನುವುದನ್ನು ಕಲಿಸಲು ಅಪ್ಪ ಒಮ್ಮೆ ಕೇಳಿದರು: ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಳ್ಳಲಾ? ಹುಡುಗ ಉತ್ತರ ಕೊಡದೆ ಪ್ರಶ್ನೆಯನ್ನೇ ಒಪ್ಪಿಸಿದ. ಬೇಕಾದರೆ ‘ಹೌದು’ ಅನ್ನು, ಬೇಡವಾದರೆ ‘ಇಲ್ಲ’ ಅನ್ನು ಎಂದು ಅಪ್ಪ ಬಿಡಿಸಿ ಹೇಳಿದರು. ಅವನು ಹೌದು ಅಂದ, ಹೆಗಲು ಸಿಕ್ಕಿತು. ಅಲ್ಲಿಂದ ಮುಂದೆ ಡೊನಾಲ್ಡ್‌ನ ನಿಘಂಟಿನಲ್ಲಿ ‘ಹೌದು’ ಎಂದರೆ ‘ನನ್ನನ್ನು ಹೆಗಲ ಮೇಲೆ ಕೂರಿಸಿಕೋ’ ಎಂದೇ ಅರ್ಥ.

ಕೇಸು ಬರೆದವರಿಗೆ ಇದು ಭಾಷೆಯ ದೋಷವಾಗಿ ಕಂಡಿತು. ನನಗೆ ಮಾತ್ರ, ಒಂದು ಮಾತು ಮೊದಲು ಹುಟ್ಟಿದ ಗಳಿಗೆಯನ್ನು ಹುಡುಗ ಬಿಟ್ಟುಕೊಡಲಿಲ್ಲ ಅನಿಸುತ್ತದೆ. ಅಪ್ಪನ ಹೆಗಲು ಬೇಕು ಎನ್ನುವವನನ್ನು ತನ್ನೊಳಗೇ ಮುಳುಗಿದವನು ಎನ್ನುವುದು ಹೇಗೆ? ಅಂದಹಾಗೆ, ಈ ಡೊನಾಲ್ಡ್ ಟ್ರಿಪ್ಲೆಟ್ ತಮ್ಮ ಊರಿನ ಬ್ಯಾಂಕಿನಲ್ಲಿ ಕೆಲಸ ಮಾಡಿದರು, ಗಾಲ್ಫ್ ಆಡಿದರು, ದೇಶವಿದೇಶ ಸುತ್ತಿ 2023ರಲ್ಲಿ ತೀರಿಕೊಂಡರು.

ನಡುವಿನ ದಶಕಗಳು ಕೆಟ್ಟವು. ತಾಯಿಯ ಮನಸ್ಸು ತಣ್ಣಗಿದ್ದರೆ ಮಗು ಹೀಗಾಗುತ್ತದೆ ಎಂದು ‘ಫ್ರಿಜ್ ಅಮ್ಮ’ ಎಂಬ ಬಿರುದು ಹೊರಿಸಿದರು. ಶಿಕಾಗೊದ ಬ್ರೂನೊ ಬೆಟಲ್‌ಹೈಮ್ 1967ರಲ್ಲಿ ಅದರ ಮೇಲೆ ದಪ್ಪ ಪುಸ್ತಕವನ್ನೇ ಬರೆದರು. ಅಷ್ಟರಲ್ಲಾಗಲೇ, 1964ರಲ್ಲಿ, ಆಟಿಸಂ ಇರುವ ಹುಡುಗನ ತಂದೆಯಾಗಿದ್ದ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್‌ಲ್ಯಾಂಡ್ ಇದು ಸಾಕಣೆಯ ತಪ್ಪಲ್ಲ, ಮಿದುಳಿನ ವಿಷಯ ಎಂದು ವಾದಿಸಿದ್ದರು. 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಆಟಿಸಂ ಅನ್ನು ಸ್ಕಿಜೋಫ್ರೇನಿಯಾದಿಂದ ಬಿಡಿಸಿ ಬೇರೆ ಮನೆ ಕೊಟ್ಟಿತು.

ಈಗ ನೆನಪಿಟ್ಟುಕೊಂಡದ್ದು ಬೇಕಾಯಿತು. 1979ರಲ್ಲಿ ಲಂಡನ್ನಿನ ಲೋರ್ನಾ ವಿಂಗ್ ಮತ್ತು ಜುಡಿತ್ ಗೂಲ್ಡ್ ಕ್ಯಾಂಬರ್‌ವೆಲ್ ಬಡಾವಣೆಯ ಮಕ್ಕಳ ಅಧ್ಯಯನ ಪ್ರಕಟಿಸಿದರು. ಅದರಿಂದ ಹೊರಟ ಮೂರು ಲಕ್ಷಣಗಳು: ಒಡನಾಟದ ತೊಡಕು, ಸಂವಹನದ ತೊಡಕು, ಕಲ್ಪನೆಯ ಕೊರತೆ. ಬ್ಲಾಯ್ಲರ್ ಕಾಲದಲ್ಲಿ ಕಲ್ಪನೆ ಉಕ್ಕಿ ಹರಿಯುವುದಕ್ಕೆ ಇಟ್ಟ ಹೆಸರು, ಎಪ್ಪತ್ತು ವರ್ಷ ತುಂಬುವ ಮೊದಲೇ ಕಲ್ಪನೆ ಬತ್ತಿರುವುದಕ್ಕೆ ಹೆಸರಾಯಿತು. ಹೀಗೆ ತಲೆಕೆಳಗಾಗಿ ನಿಂತರೂ ಅಕ್ಷರ ಬದಲಾಗದ ವೈದ್ಯಕೀಯ ಪದ ಇನ್ನೊಂದನ್ನು ನಾನು ಕಂಡಿಲ್ಲ. ಕವಿತೆ, ಚಿತ್ರ, ಕಾದಂಬರಿ ಬರೆಯುತ್ತಿರುವ ಆಟಿಸ್ಟಿಕ್ ಜನ ಆ ಎರಡನೆಯ ಅರ್ಥವನ್ನೂ ಈಗ ಒಪ್ಪುವುದಿಲ್ಲ.

‘ಸ್ಪೆಕ್ಟ್ರಮ್’ ಕೊಟ್ಟವರೂ ವಿಂಗ್. ಕಾಮನಬಿಲ್ಲಿನ ಹಾಗೆ ಬಣ್ಣ ಬೇರೆಬೇರೆ ಎಂಬುದು ಅದರ ಇಂಗಿತ. ನಾವು ಅದನ್ನು ಅಳತೆಪಟ್ಟಿ ಮಾಡಿಕೊಂಡಿದ್ದೇವೆ. ಬೆಂಗಳೂರಿನ ಯಾವ ಥೆರಪಿ ಸೆಂಟರಿನ ಬೆಂಚಿನ ಮೇಲೆ ಕೂತರೂ ಕಿವಿಗೆ ಬೀಳುವ ಪ್ರಶ್ನೆ: ‘ನಿಮ್ಮವನಿಗೆ ಮೈಲ್ಡಾ?’ ಸರ್ಕಾರಕ್ಕಂತೂ ಅಂಕಿಯೇ ಬೇಕು. ಭಾರತದಲ್ಲಿ ಬಳಸುವ ಐಎಸ್‌ಎಎ ಪಟ್ಟಿಯಲ್ಲಿ 40 ಪ್ರಶ್ನೆ. 70ರಿಂದ 106 ಅಂಕ ಬಂದರೆ ಮೈಲ್ಡ್, 153 ದಾಟಿದರೆ ಸಿವಿಯರ್. ಸೌಲಭ್ಯ ಸಿಗಬೇಕಾದರೆ ಸರ್ಟಿಫಿಕೇಟಿನಲ್ಲಿ ಶೇಕಡ 40 ಇರಬೇಕು. ಇದನ್ನು ಹಳಿದು ಮಾಡುವುದೇನು? 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಎಂಬ ಪದವೇ ಇರಲಿಲ್ಲ. 2016ರ ಕಾಯ್ದೆಯ 21 ವೈಕಲ್ಯಗಳಲ್ಲಿ ಅದು ಸೇರಿತು. ಅಲ್ಲಿಯವರೆಗೆ ಸರ್ಟಿಫಿಕೇಟು ಬೇಕಿದ್ದ ಅಪ್ಪ ಅಮ್ಮ ‘ಬುದ್ಧಿಮಾಂದ್ಯ’ದ ಸಾಲಿನಲ್ಲಿ ನಿಲ್ಲಬೇಕಿತ್ತು, ಮಗ ಕ್ಯಾಲೆಂಡರು ಬಾಯಿಪಾಠ ಒಪ್ಪಿಸುವವನಾಗಿದ್ದರೂ.

ಕನ್ನಡ ಪತ್ರಿಕೆಗಳಲ್ಲಿ ಇದಕ್ಕೆ ಒಂದು ಹೆಸರಿದೆ, ‘ಸ್ವಲೀನತೆ’. ವ್ಯಾಕರಣದಲ್ಲಿ ತಪ್ಪಿಲ್ಲ, ಕಿವಿಗೂ ಹಿತ. ಆದರೆ ಅದು 1911ರ ಗ್ರೀಕ್ ಬೇರಿನ ಅನುವಾದ, ಇಂದಿನ ಅರ್ಥದ್ದಲ್ಲ. ಬ್ಲಾಯ್ಲರ್ ಇಟ್ಟ ‘ತಾನು’ವನ್ನು ಇಂಗ್ಲಿಷ್ ಕಿವಿ ಎಂದೋ ಮರೆತಿದೆ, ನಾವು ಅದನ್ನು ಹುಡುಕಿ ತಂದು ಸಂಸ್ಕೃತದಲ್ಲಿ ಮತ್ತೆ ಕೂರಿಸಿದೆವು. ಸಾಲದ್ದಕ್ಕೆ ‘ಲೀನ’ ನಮಗೆ ಹೊಗಳಿಕೆಯ ಮಾತು. ಭಕ್ತ ದೇವರಲ್ಲಿ ಲೀನ, ಗಾಯಕ ರಾಗದಲ್ಲಿ ಲೀನ. ಮಿಕ್ಸಿಯ ಸದ್ದಿಗೆ, ಟ್ಯೂಬ್‌ಲೈಟಿನ ಗುಂಯ್ ಸದ್ದಿಗೆ ಕಿವಿ ಮುಚ್ಚಿ ಓಡುವ ಮಗು ತನ್ನಲ್ಲಿ ಲೀನವಾಗಿಲ್ಲ. ಹೊರಗಿನ ಲೋಕ ಅದಕ್ಕೆ ಕೇಳಬೇಕಾದ್ದಕ್ಕಿಂತ ಜಾಸ್ತಿ ಕೇಳುತ್ತಿದೆ. ಅಪ್ಪ ಅಮ್ಮಂದಿರ ಬಾಯಲ್ಲಿ ಇರುವುದೂ ಆಟಿಸಂ ಎಂಬ ಪದವೇ. ನನ್ನ ಮತ ಅದಕ್ಕೇ. ಅರ್ಥ ಒಡೆದು ತೋರಿಸದ ಪದ ಇಲ್ಲಿ ಕಡಿಮೆ ಸುಳ್ಳು ಹೇಳುತ್ತದೆ.

ಇಂಗ್ಲಿಷಿನಲ್ಲಿ ಈಗ ದೊಡ್ಡ ಜಗಳ, ‘ವ್ಯಕ್ತಿ’ ಎಂಬ ಪದ ಮೊದಲು ಬರಬೇಕೋ ಆಟಿಸಂ ಮೊದಲು ಬರಬೇಕೋ ಎಂದು. ಆಟಿಸಂ ತನ್ನಿಂದ ಕಳಚಿಡುವಂಥದ್ದಲ್ಲ, ಅದನ್ನೇ ಮುಂದಿಡಿ ಎಂದು ಜಿಮ್ ಸಿಂಕ್ಲೇರ್ 1999ರಲ್ಲೇ ಬರೆದರು. ಕನ್ನಡದಲ್ಲಿ ಈ ಜಗಳ ಆಡಲು ಜಾಗವಿಲ್ಲ: ‘ಆಟಿಸಂ ಇರುವ ಹುಡುಗಿ’ ಎಂದರೂ ‘ಆಟಿಸ್ಟಿಕ್ ಹುಡುಗಿ’ ಎಂದರೂ ಹುಡುಗಿ ಕೊನೆಗೇ ಬರುತ್ತಾಳೆ. ನಮ್ಮ ಜಗಳ ‘ಪೀಡಿತ’ದ ಜೊತೆ ಇರಬೇಕು. ‘ಆಟಿಸಂ ಪೀಡಿತ ಮಕ್ಕಳು’ ಎಂದು ಸುದ್ದಿಮನೆಗಳು ಇನ್ನೂ ಕಣ್ಣು ಮುಚ್ಚಿ ಟೈಪಿಸುತ್ತವೆ, ಬರಪೀಡಿತ ತಾಲ್ಲೂಕು ಅಂದ ಹಾಗೆ. ‘ಅವನಿಗೆ ಆಟಿಸಂ ಇದೆ’ ಸಾಕು. ಜ್ವರ ಬರುವುದೂ ‘ಅವನಿಗೆ’, ಲೆಕ್ಕ ಚೆನ್ನಾಗಿ ಬರುವುದೂ ‘ಅವನಿಗೆ’; ನಮ್ಮ ಚತುರ್ಥಿ ವಿಭಕ್ತಿ ಇವೆರಡರಲ್ಲಿ ಭೇದ ಮಾಡುವುದಿಲ್ಲ. ಅದಕ್ಕೂ ಮುಂದೆ ಹೋಗಿ ‘ನಾನು ಆಟಿಸ್ಟಿಕ್’ ಎಂದು ಪ್ರಥಮಾ ವಿಭಕ್ತಿಯಲ್ಲೇ ಹೇಳಿಕೊಳ್ಳುವ ಹುಡುಗ ಹುಡುಗಿಯರು ಈಗ ಇಲ್ಲೂ ಇದ್ದಾರೆ. ಪತ್ರಿಕೆಯ ಪದದಲ್ಲಿ ಅದನ್ನೇ ಹೇಳಿ ನೋಡಿ. ‘ನಾನು ಸ್ವಲೀನ’ ಎಂದರೆ, ಐದು ನಿಮಿಷ ಬಿಟ್ಟು ಫೋನ್ ಮಾಡಿ, ಧ್ಯಾನಕ್ಕೆ ಕೂತಿದ್ದೇನೆ ಅಂದ ಹಾಗೆ ಕೇಳುತ್ತದೆ.