ಪೀಠಿಕೆಯ ಪ್ರಸಂಗ

ಮಾತನ್ನು ಹೇಗೆ ಮೊದಲುಮಾಡಬೇಕೆಂಬುದನ್ನು ಕುರಿತು ಮಾತನಾಡಲು ಹೊರಟವರಿಗೆ ಮೊದಲನೆಯ ವಾಕ್ಯದಲ್ಲಿಯೇ ಸಂಕಟ ಒದಗುತ್ತದೆ. ಚೆನ್ನಾಗಿ ಮೊದಲುಮಾಡಿದರೆ ಅದು ಪ್ರದರ್ಶನವಾಯಿತು. ಕೆಟ್ಟದಾಗಿ ಮೊದಲುಮಾಡಿದರೆ ಈ ವಿಷಯವನ್ನು ಹೇಳಲು ನಮಗೇನು ಅಧಿಕಾರವೆಂದು ಕೇಳುವವರು ಕೇಳಿಯೇ ಕೇಳುತ್ತಾರೆ. ಆದಕಾರಣ ಆ ಪರೀಕ್ಷೆಗೆ ಕೂರದೆ ನೇರವಾಗಿ ವಿಷಯಕ್ಕೆ ಬರುತ್ತೇವೆ.

ಕನ್ನಡಿಗರು ಆರಂಭವೆಂಬುದನ್ನು ಎಷ್ಟು ದೊಡ್ಡ ಕಾರ್ಯವೆಂದು ಎಣಿಸಿದ್ದರೆಂಬುದಕ್ಕೆ ನಮ್ಮ ದಿನಬಳಕೆಯ ಮಾತೇ ಸಾಕ್ಷಿ. ಶ್ರೀಕಾರ ಹಾಕುವುದು, ನಾಂದಿ ಹಾಡುವುದು, ಓನಾಮ ತಿದ್ದುವುದು, ಪೀಠಿಕೆ ಹಾಕುವುದು—ಇವೆಲ್ಲವೂ ಮೊದಲುಮಾಡುವುದಕ್ಕಿರುವ ಮಾತುಗಳೇ. ಶ್ರೀಕಾರವು ಓಲೆಯ ಮೇಲುಗಡೆಯಿಂದ ಬಂದದ್ದು. ನಾಂದಿಯು ನಾಟಕದ ರಂಗದಿಂದ. ಓನಾಮವು ಮಕ್ಕಳ ಮರಳಿನ ಹಲಗೆಯಿಂದ. ಇವುಗಳಲ್ಲಿ ಮೊದಲಿನ ಮೂರಕ್ಕೂ ಇಂದಿನವರೆಗೆ ಗೌರವ ಉಳಿದಿದೆ. ನಾಲ್ಕನೆಯದಾದ ಪೀಠಿಕೆಗೆ ಮಾತ್ರ ಕೆಟ್ಟ ಹೆಸರು. ಸಾಲ ಕೇಳಲು ಬಂದವನು ಊರ ಮಳೆಬೆಳೆಯ ಸಮಾಚಾರವನ್ನೆಲ್ಲ ಹೇಳತೊಡಗಿದರೆ, ಇಷ್ಟೆಲ್ಲ ಪೀಠಿಕೆ ಏಕೆ, ವಿಷಯ ಹೇಳಿ ಎನ್ನುತ್ತೇವೆ. ಒಂದು ಕಾಲಕ್ಕೆ ಮಾತಿನ ಸಿಂಹಾಸನವಾಗಿದ್ದ ಈ ಪದಕ್ಕೆ ಇಂಥ ಗತಿ ಹೇಗೆ ಬಂತು ಎಂಬುದೇ ನಾವು ಹೇಳಬೇಕೆಂದಿರುವ ಚರಿತ್ರೆ.

ಮೊದಲು ಕಲ್ಲಿನ ಮಾತು. ನಮ್ಮ ಶಾಸನಗಳು ಸಾಮಾನ್ಯವಾಗಿ ವಿಷಯದಿಂದ ಮೊದಲಾಗುವುದಿಲ್ಲ. ಸುಮಾರು 450ರ ಹಲ್ಮಿಡಿ ಶಾಸನವು ಸಂಸ್ಕೃತ ಶ್ಲೋಕದಲ್ಲಿ ವಿಷ್ಣುವಿಗೆ ಜಯಕಾರ ಹೇಳಿ, ಆಮೇಲೆ ಕನ್ನಡಕ್ಕೆ ಇಳಿಯುತ್ತದೆ. ಬಾದಾಮಿಯ ಚಾಲುಕ್ಯರ ತಾಮ್ರಪಟಗಳು ಬಹುಮಟ್ಟಿಗೆ ವರಾಹಸ್ತುತಿಯಿಂದ ಮೊದಲಾಗುತ್ತವೆ. ಶೈವ ದತ್ತಿಗಳ ತಲೆಯಲ್ಲಿ ಮತ್ತೆ ಮತ್ತೆ ಕಾಣುವ ಶಂಭುಸ್ತುತಿಯ ಶ್ಲೋಕವು ಬಾಣಭಟ್ಟನ ಹರ್ಷಚರಿತದ ಮೊದಲನೆಯ ಶ್ಲೋಕ. ಜೈನ ಶಾಸನಗಳ ಮೊದಲಿಗೆ ನಿಲ್ಲುವ ಜಿನಶಾಸನದ ಸ್ತುತಿಯು ಅಕಲಂಕನ ಪ್ರಮಾಣಸಂಗ್ರಹದ ಮಂಗಳಪದ್ಯ. ಕನೂಜಿನ ಅರಸನೊಬ್ಬನ ಚರಿತೆಗೆಂದು ಬರೆದ ಪದ್ಯವು, ಆತನ ಹೆಸರನ್ನೂ ಅರಿಯದ ಕನ್ನಡದ ಒಕ್ಕಲಿಗನ ಗದ್ದೆಯ ದಾನಪತ್ರಕ್ಕೆ ಹೀಗೆ ತಲೆಬರಹವಾಯಿತು. ಓದುವವನ ಗಮನವನ್ನು ಸೆಳೆಯುವುದು ಇಂಥ ಆರಂಭದ ಉದ್ದೇಶವಲ್ಲ. ಮುಂದೆ ಬರುವ ಮಾತು ಹಗುರವಾದುದಲ್ಲ, ಇದಕ್ಕೆ ತಪ್ಪಿದರೆ ಪಾಪ ಉಂಟು ಎಂಬ ಎಚ್ಚರಿಕೆಯೇ ಅದರ ಕೆಲಸ. ಅದು ಮುದ್ರೆಯೊತ್ತಿದಂತೆ, ಮುದ್ರೆಯಲ್ಲಿ ಹೊಸತನವನ್ನು ಯಾರೂ ಬಯಸುವುದಿಲ್ಲ.

ಕಾವ್ಯದ ಬಾಗಿಲಿಗೆ ದಂಡಿಯು ಮೂರು ಬಗೆಯನ್ನು ಹೇಳಿದ್ದಾನೆ: ಆಶೀರ್ವಾದ, ನಮಸ್ಕಾರ, ವಸ್ತುನಿರ್ದೇಶ. ಕಾಳಿದಾಸನು ರಘುವಂಶವನ್ನು ನಮಸ್ಕಾರದಿಂದ ತೆರೆದರೆ, ಕುಮಾರಸಂಭವವನ್ನು ಹಿಮಾಲಯದಿಂದಲೇ, ಎಂದರೆ ವಸ್ತುವಿನಿಂದಲೇ ತೆರೆದನು. ನಮ್ಮ ಕುಮಾರವ್ಯಾಸನು ಗದುಗಿನ ವೀರನಾರಾಯಣನಿಗೆ ಕೈಮುಗಿದು, ಆ ಮುಗಿದ ಕೈಯನ್ನು ಇಳಿಸುವುದರೊಳಗಾಗಿ, ತಾನು ಹಲಗೆ ಬಳಪಗಳನ್ನು ಹಿಡಿಯದೆ, ಬರೆದುದನ್ನು ಅಳಿಸದೆ ಬರೆಯುವವನೆಂದು ಹೇಳಿಕೊಳ್ಳುತ್ತಾನೆ. ಭಕ್ತಿ ಮುಗಿಯುವ ಮೊದಲೇ ಹೆಮ್ಮೆ ಆರಂಭ. ಈ ಕವಿಯನ್ನು ಜನ ಓದಿದವರಲ್ಲ, ಗಮಕಿಗಳ ಬಾಯಿಂದ ಕೇಳಿದವರು. ಕೇಳುವವರನ್ನು ಎದುರಿಗಿಟ್ಟುಕೊಂಡವನಿಗೆ ಮುದ್ರೆಯಷ್ಟೇ ಸಾಲದು; ಕಿವಿಯನ್ನು ಹಿಡಿದು ನಿಲ್ಲಿಸುವ ಒಂದು ಮಾತೂ ಬೇಕು.

ಈ ಎರಡನೆಯ ಬಗೆಯ ಆರಂಭವು ವಿದ್ಯೆಯಾಗಿ ಬೆಳೆದ ಸ್ಥಳವನ್ನು ನೋಡಬೇಕಾದರೆ ಘಟ್ಟದ ಕಡೆಗೆ ಹೋಗಬೇಕು. ಯಲ್ಲಾಪುರದಿಂದ ಅಂಕೋಲೆಯ ಕಡೆಗೆ ಇಳಿಯುವ ಹೆದ್ದಾರಿಯಲ್ಲಿ, ಅರಬೈಲು ಘಟ್ಟಕ್ಕೆ ಮೊದಲು, ಇಡಗುಂದಿ ಎಂಬ ಊರಿದೆ. ಹೊನ್ನಾವರದ ಕಡೆಯ ಗಣಪತಿಯ ಕ್ಷೇತ್ರವಾದ ಇಡಗುಂಜಿಯು ಬೇರೆ, ಇದು ಬೇರೆ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಮೇಳ ಕಟ್ಟಿದ್ದು ಆ ಗಣಪತಿಯ ಹೆಸರಿನಲ್ಲಿ. ನಮ್ಮ ಇಡಗುಂದಿಗೆ ಅಂಥ ಪ್ರಸಿದ್ಧಿ ಇಲ್ಲ. ಸುತ್ತ ಕಾಡು, ಕಣಿವೆಯಲ್ಲಿ ಅಡಕೆಯ ತೋಟ, ತೋಟದ ಅಂಚಿನಲ್ಲಿ ದೂರ ದೂರ ಮನೆಗಳು. ಆದರೆ ಸಿರಸಿ, ಸಿದ್ದಾಪುರ, ಯಲ್ಲಾಪುರಗಳ ಇಂಥ ಮನೆಗಳ ಜಗಲಿಗಳೇ ತಾಳಮದ್ದಲೆಯ ವಿದ್ಯಾಪೀಠಗಳು. ಮಳೆಗಾಲದಲ್ಲಿ ಬಯಲಾಟಕ್ಕೆ ಬಯಲಿಲ್ಲ. ವೇಷವೆಲ್ಲ ಪೆಟ್ಟಿಗೆ ಸೇರಿದ ಮೇಲೆ ಉಳಿಯುವುದು ಭಾಗವತನ ಹಾಡು, ಮದ್ದಲೆ, ಮತ್ತು ಮಾತು. ಬಣ್ಣವಿಲ್ಲ, ಕುಣಿತವಿಲ್ಲ. ಪಂಚೆಯುಟ್ಟು ಶಾಲು ಹೊದೆದ ಗೃಹಸ್ಥನೊಬ್ಬನು ಕುಳಿತಲ್ಲಿಯೇ, ತಾನು ದುರ್ಯೋಧನನೆಂದು ಎದುರಿನವರನ್ನು ನಂಬಿಸಬೇಕು.

ಈ ಕಲೆ ನಿನ್ನೆ ಮೊನ್ನೆಯದಲ್ಲ. ಬಳ್ಳಾರಿಯ ಕಡೆಯ ಕುರುಗೋಡಿನಲ್ಲಿ ದೊರೆತ 1556ರ ಶಾಸನವೊಂದು ದೇವಾಲಯದ ತಾಳಮದ್ದಲೆಯವರಿಗೆ ಭೂಮಿಯನ್ನು ಬಿಟ್ಟ ವಿಷಯವನ್ನು ಹೇಳುತ್ತದೆ. ಇಂದು ಕರಾವಳಿ ಮಲೆನಾಡುಗಳ ಸೊತ್ತೆಂದು ನಾವು ಭಾವಿಸಿರುವುದಕ್ಕೆ ಬಯಲುಸೀಮೆಯ ಕಲ್ಲು ಸಾಕ್ಷಿ ನುಡಿಯುವುದು ಸ್ವಾರಸ್ಯವಲ್ಲವೆ?

ಕೂಟವು ಗಣಪತಿಯ ಸ್ತುತಿಯಿಂದ ಮೊದಲಾಗುತ್ತದೆ. ಆ ಮೇಲೆ ಭಾಗವತನು ಪಾತ್ರದ ಪ್ರವೇಶದ ಪದ್ಯವನ್ನು ಹಾಡಿ ನಿಲ್ಲಿಸುತ್ತಾನೆ. ಆ ನಿಲುಗಡೆಯಲ್ಲಿ ಅರ್ಥಧಾರಿ ಆಡುವ ಮೊದಲನೆಯ ಭಾಷಣವೇ ಪೀಠಿಕೆ. ಪದ್ಯದಲ್ಲಿ ಇರುವುದು ನಾಲ್ಕು ಸಾಲು. ಆ ಸಾಲುಗಳಿಗೆ ಬರೆದ ಮಾತಿಲ್ಲ, ಒತ್ತಾಸೆಯಾಗಿ ಅಭ್ಯಾಸವೂ ಇಲ್ಲ. ಎದುರಿಗೆ ಕುಳಿತ ಪ್ರತಿವಾದಿಯು ಆ ಸಂಜೆಯಷ್ಟೇ ಭೇಟಿಯಾದವನಾಗಿರಬಹುದು. ಇಷ್ಟರಲ್ಲಿ ಈತನು ತಾನು ಯಾರು, ಇದುವರೆಗೆ ಏನು ನಡೆಯಿತು, ಈಗ ತನ್ನೆದುರಿಗಿರುವ ಕಾರ್ಯವೇನು ಎಂಬುದನ್ನು ತಿಳಿಸಬೇಕು. ಕೇಳುವವರಿಗೆ ಕಥೆ ಮೊದಲೇ ತಿಳಿದಿದೆ. ಹಗಲೆಲ್ಲ ತೋಟದಲ್ಲಿ ಕೊನೆಗೆ ಕೊಟ್ಟೆ ಕಟ್ಟಿ, ಮಳೆಯಲ್ಲಿ ನೆನೆದು, ಉಂಡು ಬಂದು ಕಂಬಕ್ಕೆ ಒರಗಿದವರು ಅವರು. ತಿಳಿದ ಕಥೆ, ತುಂಬಿದ ಹೊಟ್ಟೆ, ಮಾಡಿನ ಮೇಲೆ ಒಂದೇ ಸಮನೆ ಸುರಿಯುವ ಮಳೆಯ ಸದ್ದು—ನಿದ್ರೆಗೆ ಇದಕ್ಕಿಂತ ಅನುಕೂಲವಾದ ಸನ್ನಿವೇಶವನ್ನು ಬ್ರಹ್ಮನೂ ಸೃಷ್ಟಿಸಲಾರನು. ಪೀಠಿಕೆಯ ವಿದ್ಯೆ ಹುಟ್ಟಿದ್ದು ಈ ನಿದ್ರೆಗೆ ಎದುರಾಗಿ.

ಒಂದು ಉದಾಹರಣೆಯನ್ನು ಕೊಡಬಹುದು. ಶರಸೇತುಬಂಧದ ಪ್ರಸಂಗದಲ್ಲಿ ತೀರ್ಥಯಾತ್ರೆಗೆ ಹೊರಟ ಅರ್ಜುನನು ಸಮುದ್ರತೀರದಲ್ಲಿ ರಾಮಸೇತುವನ್ನು ಕಾಣುತ್ತಾನೆ. ಸಾಮಾನ್ಯನಾದ ಅರ್ಥಧಾರಿಯು ಪಾಂಡುವಿನ ವಂಶದಿಂದ ಮೊದಲುಮಾಡಿ, ಅರಗಿನ ಮನೆಯನ್ನು ಸುಟ್ಟು, ದ್ರೌಪದಿಯನ್ನು ವರಿಸಿ, ಯಾತ್ರೆಯ ಕಾರಣವನ್ನು ವಿವರಿಸಿ, ಕಡಲ ತೀರಕ್ಕೆ ಬರುವಷ್ಟರಲ್ಲಿ ಅರ್ಧ ಜಗಲಿ ಮಲಗಿರುತ್ತದೆ. ಬಲ್ಲವನು ಕಡಲಿನ ಎದುರಿಗೇ ನಿಲ್ಲುತ್ತಾನೆ. ಅಂಥ ಬಿಲ್ಲುಗಾರನಾದ ರಾಮನು ಬಾಣಗಳಿಂದಲೇ ಸೇತುವೆಯನ್ನು ಕಟ್ಟದೆ, ಕಪಿಗಳಿಂದ ಕಲ್ಲು ಹೊರಿಸಿದ್ದೇಕೆ? ಈ ಒಂದು ಸಂದೇಹವನ್ನು ತನಗೆ ತಾನೇ ಹೇಳಿಕೊಂಡರೆ ಸಾಕು. ಅರ್ಜುನನ ಪರಿಚಯವೂ, ಆತನ ಗರ್ವವೂ, ಮುಂದೆ ಮುದಿಕಪಿಯ ರೂಪಿನಲ್ಲಿ ಬರಲಿರುವ ಹನುಮಂತನೊಡನೆ ನಡೆಯಬೇಕಾದ ವಾದವೂ ಅದರೊಳಗೇ ಇವೆ. ಒರಗಿದವನು ಕಂಬ ಬಿಟ್ಟು ನೆಟ್ಟಗೆ ಕೂರುತ್ತಾನೆ. ಆ ಸಂದೇಹ ಅವನದೂ ಆಗಿದೆ.

ಪೀಠಿಕೆಯಲ್ಲಿ ಇನ್ನೊಂದು ಗುಟ್ಟಿದೆ. ಅದು ಕೇವಲ ಸಭೆಯ ಕಡೆಗೆ ಹೇಳಿದ ಮಾತಲ್ಲ, ಎದುರಾಳಿಯ ಕೈಗೆ ಬರೆದುಕೊಟ್ಟ ಪತ್ರವೂ ಹೌದು. ವಾಲಿವಧೆಯ ರಾಮನು ತನ್ನ ಮೊದಲನೆಯ ಮಾತಿನಲ್ಲಿ ಕ್ಷತ್ರಿಯಧರ್ಮವನ್ನು ಬಹಳ ಎತ್ತರಕ್ಕೆ ಏರಿಸಿ ಕೊಂಡಾಡಿದನೆನ್ನಿ. ಸಭೆ ತಲೆದೂಗುತ್ತದೆ. ಆದರೆ ಇನ್ನೂ ಪಾತ್ರವೇ ಬಾರದ ವಾಲಿಯು ಮೂಲೆಯಲ್ಲಿ ಕವಳ ಮೆಲ್ಲುತ್ತ ಎಲ್ಲವನ್ನೂ ಕೇಳುತ್ತಿರುತ್ತಾನೆ. ಎರಡು ಗಂಟೆಯ ತರುವಾಯ, ಮರೆಯಿಂದ ಬಂದ ಬಾಣ ಎದೆಯಲ್ಲಿ ನೆಟ್ಟಿರುವಾಗ, ಅದೇ ಧರ್ಮವನ್ನು ಅದೇ ಪದಗಳಲ್ಲಿ ರಾಮನಿಗೆ ಹಿಂತಿರುಗಿಸುತ್ತಾನೆ. ಆಗ ರಾಮನಿಗೆ ಉತ್ತರವಿಲ್ಲ. ಆದ್ದರಿಂದ ಅನುಭವಿಯು ಪೀಠಿಕೆಯಲ್ಲಿ ಧರ್ಮಕ್ಕಿಂತ ದುಃಖವನ್ನೇ ಹೆಚ್ಚಾಗಿ ನುಡಿಯುತ್ತಾನೆ. ದುಃಖವನ್ನು ಯಾರೂ ಹಿಂದಕ್ಕೆ ಎಸೆಯಲಾರರು. ಗಮನವನ್ನು ಸೆಳೆಯುವುದೊಂದೇ ಆರಂಭದ ಗುರಿಯೆಂದು ಕಲಿಸುವವರು ಈ ಸಂಗತಿಯನ್ನು ಯೋಚಿಸಬೇಕು. ಸೆಳೆದ ಮಾತಿಗೆ ಕೊನೆಯವರೆಗೆ ಜವಾಬ್ದಾರಿ ಹೊರಬೇಕಾಗುತ್ತದೆ. ರೋಮಿನ ಸಿಸೆರೋ, ಭಾಷಣದ ಆರಂಭವು ಕೇಳುವವರನ್ನು ಒಲಿಸಬೇಕು, ಎಚ್ಚರಿಸಬೇಕು, ಗ್ರಹಿಸಲು ಸಿದ್ಧಗೊಳಿಸಬೇಕು ಎಂದನು. ನ್ಯಾಯಸ್ಥಾನದಲ್ಲಿ ಪ್ರತಿವಾದಿಯನ್ನು ಎದುರಿಸಿದ ಆತನು ನಮ್ಮ ಜಗಲಿಗೆ ಬಂದಿದ್ದರೆ ಪರಕೀಯನೆಂದು ತೋರುತ್ತಿರಲಿಲ್ಲ. ಮಳೆಗೆ ಮಾತ್ರ ಬೆದರುತ್ತಿದ್ದನೇನೋ.

ಇಂಥ ಪೀಠಿಕೆ ಉಬ್ಬಿದ್ದು ಹೇಗೆ? ಇಪ್ಪತ್ತನೆಯ ಶತಮಾನದಲ್ಲಿ ತಾಳಮದ್ದಲೆಯು ಮನೆಯ ಜಗಲಿಯಿಂದ ಊರ ಸಭಾಂಗಣಕ್ಕೆ ಏರಿತು. ಹೆಸರಾಂತ ಅರ್ಥಧಾರಿಗಳನ್ನು ದೂರದೂರುಗಳಿಂದ ಕರೆಸುವ ಪದ್ಧತಿ ಬಂದಿತು. ಶೇಣಿ ಗೋಪಾಲಕೃಷ್ಣ ಭಟ್ಟರು, ಮಲ್ಪೆ ಶಂಕರನಾರಾಯಣ ಸಾಮಗರು ಹರಿಕಥೆಯಲ್ಲಿಯೂ ನುರಿತವರಾಗಿದ್ದರು. ಹರಿಕಥೆಯ ಪೂರ್ವಪೀಠಿಕೆಯ ವಿಸ್ತಾರವು ಅರ್ಥಗಾರಿಕೆಗೆ ಬಂದಿರುವುದರಲ್ಲಿ ಆಶ್ಚರ್ಯವಿಲ್ಲವೆಂದು ನಮ್ಮ ಎಣಿಕೆ. ಅಂಥವರ ವಿಸ್ತಾರದಲ್ಲಿ ಹುರುಳಿತ್ತು; 2006ರಲ್ಲಿ ತೀರಿಕೊಂಡ ಶೇಣಿಯವರ ಮಾತಿನ ಕಟ್ಟನ್ನು ಕೇಳಿದವರು ಮರೆಯಲಾರರು. ಆದರೆ ಅನುಕರಣ ಮಾಡುವವನಿಗೆ ಮೊದಲು ಒದಗುವುದು ದೊಡ್ಡವರ ಉದ್ದ, ಎತ್ತರವಲ್ಲ. ಅರ್ಧ ಗಂಟೆ ಮೀರಿದ ಪೀಠಿಕೆಗಳನ್ನು ನಾವೇ ಕೇಳಿದ್ದೇವೆ. ಪಾತ್ರದ ಪರಿಚಯಕ್ಕೆ ಹೊರಟು, ಪಾಂಡಿತ್ಯದ ಪರಿಚಯ ಮಾಡಿಸಿ, ಸಂವಾದಕ್ಕೆ ಉಳಿದಿದ್ದ ಹೊತ್ತನ್ನೆಲ್ಲ ತಿಂದುಹಾಕಿದ ಆರಂಭಗಳವು. ಮನೆಯ ಬಾಗಿಲೇ ಮನೆಗಿಂತ ದೊಡ್ಡದಾದರೆ ವಾಸಿಸುವುದೆಲ್ಲಿ?

ಬರಹದ ಲೋಕದಲ್ಲಿ ಈ ರೋಗವನ್ನು ಮೊದಲು ಗುರುತಿಸಿ ನಕ್ಕವನು, ಸ್ವತಃ ಯಕ್ಷಗಾನ ಪ್ರಸಂಗಗಳನ್ನು ಬರೆದಿದ್ದ ಮುದ್ದಣನೇ, ಎಂದರೆ ನಂದಳಿಕೆಯ ಲಕ್ಷ್ಮೀನಾರಣಪ್ಪನು. 1901ರಲ್ಲಿ, ಮೂವತ್ತೊಂದರ ಹರೆಯದಲ್ಲಿ ತೀರಿಹೋದ ಈ ಉಡುಪಿಯ ವ್ಯಾಯಾಮದ ಉಪಾಧ್ಯಾಯನು ತನ್ನ ರಾಮಾಶ್ವಮೇಧವನ್ನು ಮೊದಲುಮಾಡಿದುದು ಯಜ್ಞದಿಂದಲ್ಲ, ಮಳೆಗಾಲದ ಒಂದು ದಿನ ಮನೆಗೆ ಬಂದ ಗಂಡನನ್ನು ಹೆಂಡತಿ ಕಥೆ ಹೇಳೆಂದು ಪೀಡಿಸುವುದರಿಂದ. ಪದ್ಯವೋ ಗದ್ಯವೋ ಎಂದು ಕೇಳಿದರೆ ಮನೋರಮೆಗೆ ಗದ್ಯ ಬೇಕು. ಗಂಡನು ಸಂಸ್ಕೃತವನ್ನು ಬಿಗಿದು ಮಾತೆತ್ತಿದರೆ ಅವಳಿಗೆ ಸೇರದು. ಕೇಳುವವಳ ಅಧಿಕಾರವು ಕನ್ನಡ ಗ್ರಂಥವೊಂದರ ಬಾಗಿಲಲ್ಲಿಯೇ ಇಷ್ಟು ನಿಸ್ಸಂಕೋಚವಾಗಿ ಕುಳಿತದ್ದು ಹೊಸ ಸಂಗತಿ. ಇಂದು ಆ ಗ್ರಂಥದ ಕಥೆಗಿಂತ ಅದರ ಪೀಠಿಕೆಯ ಈ ಸಲ್ಲಾಪವೇ ಜನರ ನೆನಪಿನಲ್ಲಿರುವುದು. ಇದು ಕವಿಗೆ ಸಂದ ಜಯವೋ, ಮನೆಗಿಂತ ಬಾಗಿಲೇ ಚೆಲುವಾದ ಇನ್ನೊಂದು ಉದಾಹರಣೆಯೋ, ನಾವು ನಿರ್ಣಯಿಸಲಾರೆವು.

1935ರಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಆಕಾಶವಾಣಿಯನ್ನು ಆರಂಭಿಸಿದಾಗ ಮನೋರಮೆಯ ಆ ಅಧಿಕಾರವು ಎಲ್ಲ ಕೇಳುಗರಿಗೂ ದೊರೆಯಿತು. ಜಗಲಿಯಲ್ಲಿ ಬೇಸರವಾದವನು ಮರ್ಯಾದೆಗಾಗಿ ಕುಳಿತಿರುತ್ತಾನೆ, ಹೆಚ್ಚೆಂದರೆ ತೂಕಡಿಸುತ್ತಾನೆ. ರೇಡಿಯೋದ ಮುಂದಿನವನಿಗೆ ಯಾವ ದಾಕ್ಷಿಣ್ಯವೂ ಇಲ್ಲ; ಗುಂಡಿಯನ್ನು ತಿರುಗಿಸಿದರೆ ಮುಗಿಯಿತು. ತಿರುಗಿಸಿದನೆಂಬುದು ಮಾತನಾಡುವವನಿಗೆ ತಿಳಿಯುವುದೂ ಇಲ್ಲ. ಮುಂದೆ 1950ರಲ್ಲಿ ಧಾರವಾಡದಲ್ಲಿ, 1976ರಲ್ಲಿ ಮಂಗಳೂರಿನಲ್ಲಿ ನಿಲಯಗಳಾಗಿ ತಾಳಮದ್ದಲೆಯೂ ಬಾನುಲಿಯನ್ನು ಏರಿದಾಗ, ರಾತ್ರಿಯಿಡೀ ನಡೆಯುತ್ತಿದ್ದ ವಾದವು ಗಡಿಯಾರದ ಮುಳ್ಳಿಗೆ ಸಿಕ್ಕಿತು. ಪೀಠಿಕೆಗೆ ಉಳಿದದ್ದು ಕೆಲವೇ ನಿಮಿಷ. ಕಲೆ ಕುಗ್ಗಿತೆಂದು ಕೆಲವರು ಮರುಗಿದರು. ನಮಗೆ ಹಾಗೆ ತೋರುವುದಿಲ್ಲ. ಬಲ್ಲವರ ಪೀಠಿಕೆಗೆ ಮೊದಲಿನಿಂದಲೂ ಬೇಕಾಗಿದ್ದದ್ದು ಅಷ್ಟೇ ನಿಮಿಷ.

ನಿಜವಾದ ನಷ್ಟ ಬೇರೆ ಇದೆ. ಪ್ರಸಂಗಗಳ ಪದ್ಯಗಳು ಓಲೆಯಿಂದ ಅಚ್ಚಿಗೆ ಬಂದು ಉಳಿದಿವೆ. ಧ್ವನಿಮುದ್ರಣ ಬರುವುದಕ್ಕೆ ಮೊದಲು, ನೂರಾರು ಮಳೆಗಾಲಗಳಲ್ಲಿ ಆಡಿದ ಪೀಠಿಕೆಗಳಲ್ಲಿ ಒಂದೂ ಉಳಿದಿಲ್ಲ. ಆಡಿದವರು ಬರೆಯಲಿಲ್ಲ, ಬರೆದರೆ ಮುಂದಿನ ಸಲ ಅದನ್ನೇ ಆಡಬೇಕಾದೀತೆಂಬ ಅಳುಕು. ಹೆಸರಿದ್ದವರ ಮಾತಾದರೂ ಕ್ಯಾಸೆಟ್ಟಿನ ಕಾಲದಲ್ಲಿ ಸ್ವಲ್ಪ ಸೆರೆಯಾಯಿತು. ಇಡಗುಂದಿಯಂಥ ಊರಿನ, ತೋಟದ ಕೆಲಸ ಮುಗಿಸಿ ಬಂದು ಕರ್ಣನಾಗುತ್ತಿದ್ದವರ ಮಾತು ಮಾಡಿನ ನೀರಿನೊಡನೆ ಹರಿದುಹೋಯಿತು.

ಆ ಊರಿನ ಒಂದು ಮನೆಯಲ್ಲಿ, ಹೊದಿಕೆ ಹರಿದ ಪ್ರಸಂಗದ ಪುಸ್ತಕವೊಂದನ್ನು ನಮಗೆ ತೋರಿಸಿದರು. ಮನೆಯ ಹಿರಿಯರೊಬ್ಬರು ಅರ್ಥ ಹೇಳುತ್ತಿದ್ದ ಪ್ರತಿಯಂತೆ. ವಾಲಿವಧೆಯ ರಾಮನ ಮೊದಲನೆಯ ಪದ್ಯದ ಮಗ್ಗುಲಲ್ಲಿ, ಪೆನ್ಸಿಲಿನಿಂದ, ಒಂದರ ಕೆಳಗೊಂದು ಮಾತುಗಳಿದ್ದವು. ಪಂಪಾಸರಸ್ಸು. ಕಮಲ. ಸೀತೆಯ ಕಣ್ಣು. ಅದರ ಕೆಳಗೆ, ಸ್ವಲ್ಪ ಒತ್ತಿ ಬರೆದದ್ದು: ನಿಲ್ಲಿಸು.