ತವರಿಗಿಂತ ಪರದೇಶದಲ್ಲಿ ಬೇರೂರಿದ ‘ವೆಂಚರ್ಸ್’

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರೆಂದು ನಾನು ಎಷ್ಟು ಬಾರಿ ತರಗತಿಯಲ್ಲಿ ಕೊಟ್ಟಿದ್ದೇನೆಂಬುದನ್ನು ನನ್ನ ಹಳೆಯ ವಿದ್ಯಾರ್ಥಿಗಳೇ ಲೆಕ್ಕವಿಟ್ಟಿರಬಹುದು. ಊರ ವೈದ್ಯನ ಮಾತು ಕೇಳದೆ ಪಟ್ಟಣಕ್ಕೆ ಓಡಿದವನ ಕಥೆಯನ್ನೇ ಬಹುತೇಕರು ಬರೆಯುತ್ತಿದ್ದರು. ಇಂದು ಅದೇ ಗಾದೆಗೆ ದೂರದ ಉದಾಹರಣೆಯೊಂದನ್ನು ಕೊಡಬಯಸುತ್ತೇನೆ. ಅಮೆರಿಕದ ವಾಯವ್ಯ ಮೂಲೆಯ ವಾಷಿಂಗ್ಟನ್ ರಾಜ್ಯದ ಟಕೋಮಾ ಎಂಬ ಊರಿನಲ್ಲಿ ಹುಟ್ಟಿ, ಜಪಾನಿನಲ್ಲಿ ಮನೆಮಾತಾದ ‘ದಿ ವೆಂಚರ್ಸ್’ ಎಂಬ ವಾದ್ಯವೃಂದದ ಚರಿತ್ರೆ ಅದು.

ಟೋಕಿಯೋದಲ್ಲಿ ಉದ್ಯೋಗದಲ್ಲಿರುವ ಶಿಷ್ಯನೊಬ್ಬ ಕೆಲ ಕಾಲದ ಹಿಂದೆ ಪತ್ರ ಬರೆದು, ತನ್ನ ನೆರೆಮನೆಯ ವೃದ್ಧರು ಎಪ್ಪತ್ತೈದು ದಾಟಿದ ವಯಸ್ಸಿನಲ್ಲೂ ಪ್ರತಿ ಸಂಜೆ ವಿದ್ಯುತ್ ಗಿಟಾರ್ ನುಡಿಸುತ್ತಾರೆಂದೂ, ಕೇಳಿದರೆ ‘ವೆಂಚರ್ಸ್’ ಎಂಬ ಒಂದೇ ಪದ ಹೇಳಿ ನಗುತ್ತಾರೆಂದೂ ತಿಳಿಸಿದ್ದ. ಆ ಕುತೂಹಲದಿಂದ ಓದಲು ತೊಡಗಿದವನು ನಾನು. ಸಂಗೀತದ ಚರಿತ್ರೆಯೆಂದುಕೊಂಡು ಓದತೊಡಗಿದ್ದು ಕೊನೆಗೆ ಶಾಲೆಯ ಚರಿತ್ರೆಯಾಗಿಯೂ ಕಂಡಿತು. ಆದ್ದರಿಂದಲೇ ಈ ಬರಹ.

ಈ ವೃಂದದ ಮೂಲಪುರುಷರಿಬ್ಬರು: ಡಾನ್ ವಿಲ್ಸನ್ ಮತ್ತು ಬಾಬ್ ಬೋಗಲ್. ಇಬ್ಬರೂ ಗಾರೆ-ಕಟ್ಟಡದ ಕೆಲಸ ಮಾಡುತ್ತಿದ್ದವರು. ವಿಲ್ಸನ್‌ನ ತಂದೆ ನಡೆಸುತ್ತಿದ್ದ ಹಳೆಯ ಕಾರುಗಳ ಅಂಗಡಿಗೆ 1958ರಲ್ಲಿ ಬೋಗಲ್ ಕಾರು ಕೊಳ್ಳಲು ಬಂದದ್ದೇ ಅವರ ಸ್ನೇಹಕ್ಕೆ ನಾಂದಿಯಾಯಿತು. ಗಿರವಿ ಅಂಗಡಿಯೊಂದರಲ್ಲಿ ಅಗ್ಗದ ಗಿಟಾರುಗಳನ್ನು ಕೊಂಡು, ಗುರುಮುಖವಿಲ್ಲದೆ, ಕಿವಿಯನ್ನೇ ಗುರುವಾಗಿಸಿಕೊಂಡು ಅವರು ಕಲಿತರು. 1960ರಲ್ಲಿ ಅವರು ಮುದ್ರಿಸಿದ ‘ವಾಕ್, ಡೋಂಟ್ ರನ್’ ಎಂಬ ಕೃತಿ ಮೂಲತಃ ಜ್ಯಾಸ್ ಗಿಟಾರ್ ವಾದಕ ಜಾನಿ ಸ್ಮಿತ್ ಅವರದು. ಅದನ್ನು ಚೆಟ್ ಅಟ್ಕಿನ್ಸ್ ನುಡಿಸಿದ್ದನ್ನು ಕೇಳಿ ಇವರು ತಮ್ಮ ಕೈಗೆ ಎಟಕುವಂತೆ ಸರಳಗೊಳಿಸಿಕೊಂಡರು. ಧ್ವನಿಮುದ್ರಿಕೆಯನ್ನು ಹೊರತರಲು ವಿಲ್ಸನ್‌ನ ತಾಯಿ ಜೋಸಿಯವರು ‘ಬ್ಲೂ ಹೊರೈಜನ್’ ಎಂಬ ಸ್ವಂತ ಕಂಪನಿಯನ್ನೇ ತೆರೆದರು. ಸಿಯಾಟಲ್‌ನ ಬಾನುಲಿ ಕೇಂದ್ರವೊಂದು ಅದನ್ನು ವಾರ್ತೆಗಳ ಸಂದರ್ಭದಲ್ಲಿ ನುಡಿಸತೊಡಗಿದ ಮೇಲೆ ‘ಡಾಲ್ಟನ್’ ಕಂಪನಿ ಅದನ್ನು ಕೈಗೆತ್ತಿಕೊಂಡಿತು. ಅದೇ ವರ್ಷ ಅಮೆರಿಕದ ಜನಪ್ರಿಯತೆಯ ಪಟ್ಟಿಯಲ್ಲಿ ಅದು 2ನೆಯ ಸ್ಥಾನಕ್ಕೇರಿತು.

ಮುಂದೆ ನೋಕಿ ಎಡ್ವರ್ಡ್ಸ್ ಮತ್ತು ಡ್ರಮ್ಸ್ ವಾದಕ ಮೆಲ್ ಟೇಲರ್ ಸೇರಿ ವೃಂದ ಸುಭದ್ರವಾಯಿತು. ಇಲ್ಲೊಂದು ಸಂಗತಿಯನ್ನು ನಾನು ವಿಶೇಷವಾಗಿ ಗಮನಿಸಿದೆ. ಮೊದಲು ಬೋಗಲ್ ಮುಖ್ಯ ಗಿಟಾರನ್ನೂ ಎಡ್ವರ್ಡ್ಸ್ ಬಾಸ್ ಗಿಟಾರನ್ನೂ ನುಡಿಸುತ್ತಿದ್ದರು. ಎಡ್ವರ್ಡ್ಸ್ ತನಗಿಂತ ಚತುರನೆಂಬುದನ್ನು ಕಂಡ ಬೋಗಲ್ ಮುಂದಿನ ಸ್ಥಾನವನ್ನು ಆತನಿಗೆ ಬಿಟ್ಟುಕೊಟ್ಟು ತಾನೇ ಬಾಸ್ ಹಿಡಿದ. ಸ್ಥಾಪಕನೇ ಹಿಂದಿನ ಸಾಲಿಗೆ ಸರಿದು ನಿಲ್ಲುವುದು ಕಲಾಲೋಕದಲ್ಲಿ ಸಾಮಾನ್ಯ ಗುಣವಲ್ಲ.

ಜಪಾನಿಗೆ ಅವರು ಮೊದಲು ಹೋದದ್ದು 1962ರಲ್ಲಿ. ನಾಲ್ವರನ್ನು ಕರೆಸಿಕೊಳ್ಳುವಷ್ಟು ಹಣ ಆಯೋಜಕರಲ್ಲಿರಲಿಲ್ಲವಾಗಿ, ವಿಲ್ಸನ್ ಮತ್ತು ಬೋಗಲ್ ಇಬ್ಬರೇ ಹೋಗಿ ಬಂದರು. 1965ರ ಜನವರಿಯಲ್ಲಿ ಪೂರ್ಣ ವೃಂದ ಅಲ್ಲಿಗೆ ತಲುಪಿದಾಗ ಸನ್ನಿವೇಶವೇ ಬದಲಾಗಿತ್ತು. ಯುದ್ಧಾನಂತರ 1947ರಿಂದ 1949ರ ನಡುವೆ ಜನಿಸಿದ ಬೃಹತ್ ಪೀಳಿಗೆ ಆಗ ಹದಿನಾರು-ಹದಿನೇಳರ ವಯಸ್ಸಿಗೆ ಬಂದಿತ್ತು. ಅದೇ ವರ್ಷ ವಿದ್ಯುತ್ ಗಿಟಾರಿನ ಹುಚ್ಚುಹೊಳೆ ಆ ದೇಶದಲ್ಲಿ ಹರಿಯಿತು. ‘ಎಲೆಕ್ಟ್ರಿಕ್’ ಎಂಬ ಪದವನ್ನು ಜಪಾನೀಯರು ‘ಎರೆಕಿ’ ಎಂದು ಮೊಟಕುಗೊಳಿಸಿದರು. ದೂರದರ್ಶನದಲ್ಲಿ ಎರೆಕಿ ಸ್ಪರ್ಧೆಗಳು ನಡೆದವು. ಯೂಜೋ ಕಯಾಮಾ ನಾಯಕನಾಗಿ ನಟಿಸಿದ, ಎರೆಕಿಯ ಹೆಸರನ್ನೇ ಹೊತ್ತ ಚಲನಚಿತ್ರವೊಂದು ಆ ವರ್ಷಾಂತ್ಯಕ್ಕೆ ತೆರೆ ಕಂಡಿತು.

ಏಕೆ ಹೀಗಾಯಿತು? ನನಗೆ ತೋರುವ ಮುಖ್ಯ ಕಾರಣವೊಂದಿದೆ. ವೆಂಚರ್ಸ್‌ನವರ ಸಂಗೀತದಲ್ಲಿ ಮಾತಿರಲಿಲ್ಲ. ಹಾಡಾಗಿದ್ದರೆ ಇಂಗ್ಲಿಷಿನ ಗೋಡೆ ಅಡ್ಡ ನಿಲ್ಲುತ್ತಿತ್ತು. ವಾದ್ಯಕ್ಕೆ ಭಾಷಾಂತರಕಾರನ ಹಂಗಿಲ್ಲ. ಮೇಲಾಗಿ ಅದು ಸ್ಪಷ್ಟವಾದ, ಗುನುಗಬಹುದಾದ ರಾಗಗಳ ಸಂಗೀತ. ಹಳ್ಳಿಯ ಹುಡುಗನೂ ‘ನಾನೂ ಇದನ್ನು ನುಡಿಸಬಲ್ಲೆ’ ಎಂದುಕೊಳ್ಳುವಂಥದು. ತಂತಿಯ ಮೇಲೆ ಬೆರಳು ಜಾರಿಸಿ ಮೇಲಿಂದ ಕೆಳಕ್ಕೆ ಸುರಿಸುವ ಅವರ ನಾದಕ್ಕೆ ಜಪಾನೀಯರು ‘ತೆಕೆತೆಕೆ’ ಎಂದು ಹೆಸರಿಟ್ಟರು. ಅನುಕರಣಾವ್ಯಯದ ಪಾಠದಲ್ಲಿ ‘ದಬದಬ’, ‘ಪಟಪಟ’ಗಳನ್ನು ಕಲಿತ ನಿಮಗೆ ಈ ನಾಮಕರಣದ ಸೊಗಸನ್ನು ವಿವರಿಸಬೇಕಿಲ್ಲ.

ಇನ್ನು ಶಾಲೆಯ ವಿಷಯ. 1965ರ ಅಕ್ಟೋಬರಿನಲ್ಲಿ ತೊಚಿಗಿ ಪ್ರಾಂತದ ಅಶಿಕಾಗಾ ನಗರದ ಶಿಕ್ಷಣ ಮಂಡಳಿ ಒಂದು ನಿರ್ಬಂಧವನ್ನು ಹೊರಡಿಸಿತು. ಪ್ರಾಥಮಿಕ ಮತ್ತು ಮಾಧ್ಯಮಿಕ ಶಾಲೆಯ ಮಕ್ಕಳು ವಿದ್ಯುತ್ ಗಿಟಾರ್ ಕೊಳ್ಳಬಾರದು, ವಾದ್ಯವೃಂದ ಕಟ್ಟಬಾರದು, ಅಂಥ ಕಚೇರಿಗಳಿಗೆ ಹೋಗಬಾರದು. ಬೇಗನೆ ದೇಶದ ಇತರ ಕಡೆಗಳಲ್ಲೂ ಶಾಲೆಗಳು ಇದನ್ನೇ ಅನುಸರಿಸಿದವು. ಎರೆಕಿ ಎಂದರೆ ಹಾದಿ ತಪ್ಪಿದ ಹುಡುಗರ ಗುರುತು ಎಂಬ ಭಾವನೆ ಹಿರಿಯರಲ್ಲಿ ಬೇರೂರಿತು.

ಆ ಮಂಡಳಿಯ ಸದಸ್ಯರನ್ನು ಖಳನಾಯಕರೆಂದು ಚಿತ್ರಿಸಲು ನನಗೆ ಮನಸ್ಸಿಲ್ಲ. ಮೇಜಿನ ಅದೇ ಬದಿಯಲ್ಲಿ ಮೂರು ದಶಕಗಳಿಗೂ ಮೀರಿ ಕುಳಿತವನಾದ್ದರಿಂದ ಅವರ ಆತಂಕವನ್ನು ನಾನು ಬಲ್ಲೆ. ಪಾಠದಲ್ಲಿ ಮನಸ್ಸಿಲ್ಲದ ಹುಡುಗ, ದುಬಾರಿ ವಾದ್ಯಕ್ಕಾಗಿ ಹಠ ಹಿಡಿದ ಮಗನ ಮುಂದೆ ಕೈಚೆಲ್ಲಿದ ತಂದೆ, ರಾತ್ರಿಯ ಗದ್ದಲದ ಬಗ್ಗೆ ದೂರು ತರುವ ನೆರೆಹೊರೆ, ಇವೆಲ್ಲ ಎಲ್ಲ ದೇಶಗಳ ಮುಖ್ಯೋಪಾಧ್ಯಾಯರ ಕೊಠಡಿಗೂ ಬಂದೇ ಬರುವ ಸಂಗತಿಗಳು. ಆದರೆ ಒಂದು ಪ್ರಶ್ನೆಯನ್ನು ಆ ಮಂಡಳಿ ಕೇಳಿಕೊಳ್ಳಲಿಲ್ಲವೆಂದು ತೋರುತ್ತದೆ. ಓದಲು ಒಲ್ಲದ ಹುಡುಗ ಗಿಟಾರಿನ ಮುಂದೆ ಗಂಟೆಗಟ್ಟಲೆ ಕುಳಿತು, ಒಂದೇ ಸಾಲನ್ನು ನೂರು ಸಲ ತಪ್ಪಿ ನೂರೊಂದನೆಯ ಸಲ ಸರಿಯಾಗಿ ನುಡಿಸುತ್ತಾನಾದರೆ, ಅದನ್ನು ಅಭ್ಯಾಸವೆನ್ನದೆ ಬೇರೇನೆನ್ನಬೇಕು? ನಾವು ತರಗತಿಯಲ್ಲಿ ಬೇಡಿಕೊಂಡರೂ ದೊರೆಯದ ಏಕಾಗ್ರತೆ ಅದು.

ವಿಚಿತ್ರವೆಂದರೆ, ಜಪಾನಿನ ಶಾಲೆಗಳು ಗಿಟಾರನ್ನು ಹೊರಗಟ್ಟಿದ ಅದೇ 1965ರಲ್ಲಿ ವೆಂಚರ್ಸ್‌ನವರು ತಾವೇ ಉಪಾಧ್ಯಾಯರಾದರು. ‘ಪ್ಲೇ ಗಿಟಾರ್ ವಿತ್ ದಿ ವೆಂಚರ್ಸ್’ ಎಂಬ ಅವರ ಧ್ವನಿಮುದ್ರಿಕೆ ಒಂದು ಪಾಠಮಾಲೆ. ಅದನ್ನು ಕೇಳುತ್ತ ಒಂದೊಂದೇ ಭಾಗವನ್ನು ಕಲಿತು, ಕೊನೆಗೆ ವೃಂದದ ಜೊತೆಯಲ್ಲಿಯೇ ನುಡಿಸಬಹುದು. ಪಾಠಕ್ಕೆಂದೇ ಮಾಡಿದ ಮುದ್ರಿಕೆಯೊಂದು ಅಮೆರಿಕದ ಬಿಲ್‌ಬೋರ್ಡ್ ಆಲ್ಬಮ್ ಪಟ್ಟಿಯನ್ನು ಪ್ರವೇಶಿಸಿದ್ದು ಅದೇ ಮೊದಲು. ತಮ್ಮ ಕೈಚಳಕವನ್ನು ಗುಟ್ಟಾಗಿಟ್ಟುಕೊಳ್ಳದೆ ಬಿಚ್ಚಿಟ್ಟ ಈ ಗುಣವೇ ಅವರ ನಿಜವಾದ ಆಸ್ತಿಯೆಂದು ನನ್ನ ನಂಬಿಕೆ.

ಸಾಮಾನ್ಯವಾಗಿ ಇಂಥ ಹುಚ್ಚುಗಳು ಎರಡು ಮೂರು ವರ್ಷಗಳಲ್ಲಿ ಇಳಿದುಹೋಗುತ್ತವೆ. 1966ರಲ್ಲಿ ಬೀಟಲ್ಸ್ ಟೋಕಿಯೋಗೆ ಬಂದರು. ಅವರ ಬೆನ್ನಿಗೆ ಹಾಡುವ ಜಪಾನೀ ತಂಡಗಳ ಕಾಲ ಆರಂಭವಾಯಿತು. ಆದರೆ ವೆಂಚರ್ಸ್ ಮಾಯವಾಗಲಿಲ್ಲ. ಅವರು ಅತಿಥಿಗಳಾಗಿ ಉಳಿಯದೆ ಆ ಮನೆಯ ಅಡುಗೆಮನೆಗೇ ಪ್ರವೇಶಿಸಿದರು. ಜಪಾನಿನ ಸ್ಥಳಗಳ ಹೆಸರಿನಲ್ಲಿ ಅವರು ರಾಗಗಳನ್ನು ರಚಿಸಿದರು. ಅಲ್ಲಿಯ ಕವಿಗಳು ಅವಕ್ಕೆ ಜಪಾನೀ ಸಾಹಿತ್ಯ ಬರೆದರು. ಅಲ್ಲಿಯ ಗಾಯಕರು ಹಾಡಿದರು. 1966ರಲ್ಲಿ ಟೋಕಿಯೋದ ಗಿಂಜಾ ಬೀದಿಯನ್ನು ಕುರಿತ ಯುಗಳಗೀತೆ, 1970ರಲ್ಲಿ ಯೂಕೋ ನಗಿಸಾ ಹಾಡಿದ ‘ಕ್ಯೋಟೋ ನೊ ಕೋಯಿ’, 1971ರಲ್ಲಿ ತೈವಾನಿನ ಗಾಯಕಿ ಔಯಾಂಗ್ ಫೀಫೀ ಹಾಡಿದ, ಒಸಾಕಾದ ಮಿದೋಸುಜಿ ಬೀದಿಯ ಮಳೆಯ ಹಾಡು, ಇವೆಲ್ಲ ಮನೆಮನೆಯ ಹಾಡುಗಳಾದವು. ಕೊನೆಯ ಎರಡೂ ಆ ದೇಶದ ಮಾರಾಟಪಟ್ಟಿಯ ಮೊದಲ ಸ್ಥಾನಕ್ಕೇರಿದವು. ಟಕೋಮಾದವರ ರಾಗ, ಜಪಾನಿನ ಮಾತು, ತೈವಾನಿನ ಕಂಠ, ಒಸಾಕಾದ ಮಳೆ! ಇಂಥ ಹಾಡುಗಳಿಗೆ ‘ವೆಂಚರ್ಸ್ ಕಾಯೋ’ ಎಂಬ ಪ್ರತ್ಯೇಕ ಹೆಸರೇ ಅಲ್ಲಿ ಬಳಕೆಗೆ ಬಂತು. ಯುರೋಪಿನ ಪಿಟೀಲು ನಮ್ಮ ಕರ್ನಾಟಕ ಸಂಗೀತದ ಮಗುವಾದುದನ್ನು ಬಲ್ಲ ನಮಗೆ ಇದು ಅಚ್ಚರಿಯ ಮಾತಲ್ಲ.

ನಿಷೇಧಕ್ಕೊಳಗಾದ ಆ ಹುಡುಗರು ಏನಾದರು? ಒಬ್ಬರ ಉತ್ತರ ಸಾಹಿತ್ಯದಲ್ಲೇ ದೊರೆಯುತ್ತದೆ. ಸುನಾವೊ ಅಶಿಹಾರಾ ಎಂಬ ಲೇಖಕರ ‘ಸೆಯ್‌ಶುನ್ ದೆಂದೆಕೆದೆಕೆದೆಕೆ’ ಎಂಬ ಕಾದಂಬರಿಗೆ 1991ರಲ್ಲಿ ಜಪಾನಿನ ಪ್ರತಿಷ್ಠಿತ ನವೊಕಿ ಪ್ರಶಸ್ತಿ ಬಂತು. ‘ಸೆಯ್‌ಶುನ್’ ಎಂದರೆ ತಾರುಣ್ಯ. ಉಳಿದದ್ದು ಗಿಟಾರಿನ ಸದ್ದು. 1965ರಲ್ಲಿ ಶಿಕೊಕು ದ್ವೀಪದ ಸಣ್ಣ ಊರೊಂದರ ಹುಡುಗ ರೇಡಿಯೋದಲ್ಲಿ ವೆಂಚರ್ಸ್ ನುಡಿಸಿದ ‘ಪೈಪ್‌ಲೈನ್’ ಕೇಳಿ, ಪ್ರೌಢಶಾಲೆಯ ಗೆಳೆಯರೊಂದಿಗೆ ವಾದ್ಯವೃಂದ ಕಟ್ಟುವ ಕಥೆ ಅದು. ನೊಬುಹಿಕೊ ಓಬಾಯಾಶಿ ಅದನ್ನು 1992ರಲ್ಲಿ ಚಲನಚಿತ್ರವಾಗಿಸಿದರು. ಒಂದು ಕಾಲಕ್ಕೆ ಶಾಲೆಗಳು ಅಂಜಿದ ಸದ್ದು ಹೀಗೆ ಒಂದು ಪೀಳಿಗೆಯ ತಾರುಣ್ಯದ ಹೆಸರೇ ಆಯಿತು.

ತವರಿನಲ್ಲಿ ಅವರ ಕೊನೆಯ ದೊಡ್ಡ ಯಶಸ್ಸು 1969ರ ‘ಹವಾಯಿ ಫೈವ್-ಓ’. ಅದು 4ನೆಯ ಸ್ಥಾನ ಪಡೆದಿತ್ತು. ಆಮೇಲೆ ಅಮೆರಿಕ ಅವರನ್ನು ಹೆಚ್ಚು ಕಡಿಮೆ ಮರೆಯಿತು. ಅಲ್ಲಿಯ ‘ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್’ ತನ್ನ ಮೊದಲ ಗೌರವಗಳನ್ನು ಸಲ್ಲಿಸಿದ್ದು 1986ರಲ್ಲಿ. ವೆಂಚರ್ಸ್‌ಗೆ ಆ ಬಾಗಿಲು ತೆರೆದದ್ದು 2008ರಲ್ಲಿ. 2010ರಲ್ಲಿ ಜಪಾನ್ ಸರ್ಕಾರ ‘ಉದಯಸೂರ್ಯ’ ಗೌರವಶ್ರೇಣಿಯನ್ನಿತ್ತು ಅವರನ್ನು ಮನ್ನಿಸಿತು.

ಜಪಾನಿನ ಋಣವನ್ನು ಅವರೂ ತೀರಿಸದೆ ಹೋಗಲಿಲ್ಲ. ದಶಕಗಳ ಕಾಲ ಹೆಚ್ಚುಕಡಿಮೆ ಪ್ರತಿ ವರ್ಷವೂ ಅಲ್ಲಿಗೆ ಹೋಗಿ, ಮಹಾನಗರಗಳಲ್ಲಷ್ಟೇ ಅಲ್ಲದೆ ಸಣ್ಣ ಊರುಗಳಲ್ಲೂ ನುಡಿಸಿದರು. ಮೆಲ್ ಟೇಲರ್ 1996ರ ಜಪಾನ್ ಪ್ರವಾಸದ ನಡುವೆ ರೋಗಪೀಡಿತರಾಗಿ ಸ್ವದೇಶಕ್ಕೆ ಮರಳಿ ಆ ಆಗಸ್ಟಿನಲ್ಲಿ ನಿಧನರಾದರು; ಅವರ ಪೀಠದಲ್ಲಿ ಮಗ ಲಿಯಾನ್ ಕುಳಿತರು. ಬೋಗಲ್ 2009ರಲ್ಲಿ, ಎಡ್ವರ್ಡ್ಸ್ 2018ರಲ್ಲಿ ತೀರಿಕೊಂಡರು. 1968ರಲ್ಲಿ ಸೇರಿದ್ದ ಗೆರಿ ಮೆಗೀ ಎಂಬ ಗಿಟಾರ್ ವಾದಕರು 2019ರ ಅಕ್ಟೋಬರಿನಲ್ಲಿ ಜಪಾನ್ ಪ್ರವಾಸದಲ್ಲಿದ್ದಾಗಲೇ ಕುಸಿದು ಅಲ್ಲಿಯೇ ಕೊನೆಯುಸಿರೆಳೆದರು. ಮೂಲಪುರುಷರಲ್ಲಿ ಕೊನೆಯವರಾದ ಡಾನ್ ವಿಲ್ಸನ್ 2022ರ ಜನವರಿಯಲ್ಲಿ, 88ನೆಯ ವಯಸ್ಸಿನಲ್ಲಿ ಅಗಲಿದರು.

ನಾಲ್ವರೂ ಇಂದು ಇಲ್ಲ. ಅವರ ದಾಖಲೆಗಳ ಪಟ್ಟಿ ಗ್ರಂಥಾಲಯದಲ್ಲಿದ್ದೀತು. ಆದರೆ ಕಲಿಸಿದವನ ಪರಂಪರೆ ಪಟ್ಟಿಯಲ್ಲಿರುವುದಿಲ್ಲ, ಕಲಿತವರ ಕೈಬೆರಳುಗಳಲ್ಲಿರುತ್ತದೆ. ಅಶಿಕಾಗಾದ ಸುತ್ತೋಲೆಯನ್ನು ಹೊರಡಿಸಿದವರೂ, ಗಿಟಾರಿನ ಪಾಠವನ್ನು ಮುದ್ರಿಸಿದವರೂ ಒಂದೇ ವರ್ಷ ಒಂದೇ ವಯಸ್ಸಿನ ಮಕ್ಕಳನ್ನು ಕುರಿತು ಯೋಚಿಸುತ್ತಿದ್ದರು. ಒಬ್ಬರು ಮಗುವಿನ ಕೈಯಿಂದ ಏನನ್ನು ಕಸಿಯಬೇಕೆಂದು ಚಿಂತಿಸಿದರು. ಇನ್ನೊಬ್ಬರು ಆ ಕೈಗೆ ಏನನ್ನು ಕೊಡಬೇಕೆಂದು ಚಿಂತಿಸಿದರು. ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಈಗ ತಾವೇ ಉಪಾಧ್ಯಾಯರು, ತಂದೆ-ತಾಯಿಗಳು. ನಿಮ್ಮ ಮಕ್ಕಳ ಕೈಯಲ್ಲಿ ನಿಮಗೆ ಅರ್ಥವಾಗದ ಹೊಸ ವಸ್ತುವೊಂದು ಕಂಡಾಗ, ಅದನ್ನು ಬದಿಗಿಡಿಸುವ ಮುನ್ನ, ಅದರ ಮುಂದೆ ಮಗು ಎಷ್ಟು ಹೊತ್ತು, ಎಂಥ ಶ್ರದ್ಧೆಯಿಂದ ಕುಳಿತಿದೆಯೆಂಬುದನ್ನು ಒಮ್ಮೆ ಸುಮ್ಮನೆ ನಿಂತು ನೋಡಿರಿ. ನಿರ್ಣಯವನ್ನು ಆಮೇಲೆ ಕೈಗೊಳ್ಳಬಹುದು.